ಅಪ್ಪನ ಕ್ಯಾಸೆಟ್‌ಗಳಿಗೆ ಎಷ್ಟು ಟಿಬಿ ಬೇಕು?

ಜನವರಿ 12

ಅಟ್ಟದ ಮೇಲಿದ್ದ ಟ್ರಂಕು ಇವತ್ತು ಕೆಳಗಿಳಿಯಿತು. ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ), ಬಯಲಾಟ ಅಂತ ಊರೂರು ಸುತ್ತಿ ಅಪ್ಪ ರೆಕಾರ್ಡ್ ಮಾಡಿದ್ದೆಲ್ಲ ಅದರೊಳಗಿದೆ. ಎಣಿಸಿದೆ. 90 ನಿಮಿಷದ ಆಡಿಯೋ ಕ್ಯಾಸೆಟ್ 112, ಒಂದು ಗಂಟೆಯ ಮಿನಿ ಡಿವಿ ವಿಡಿಯೋ ಟೇಪು 46. ಎಲ್ಲದರ ಮೇಲೂ ಅಪ್ಪನ ಪೆನ್ಸಿಲ್ ಅಕ್ಷರ. ಕೆಲವು ಕ್ಯಾಸೆಟ್‌ಗಳಲ್ಲಿ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ನಮ್ಮ ಕರಾವಳಿಯ ಮಳೆಗಾಲ ಯಾವುದನ್ನು ಬಿಟ್ಟಿದೆ ಹೇಳಿ. ಒಂದು ಕ್ಯಾಸೆಟ್‌ನಲ್ಲಿ ದೊಡ್ಡ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಆಡಿದ ಮಾತು ಇದೆ. ಅದನ್ನು ಕೊನೆಗೆ ಮುಟ್ಟುವುದು, ಕೈ ಪಳಗಿದ ಮೇಲೆ.

ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಪೋರ್ಟಬಲ್ ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಪುಟ್ಟ ಡ್ರೈವ್) ಇಡಬೇಕು. ಯಾವುದು, ಎಷ್ಟು ಟಿಬಿಯದ್ದು ಅನ್ನುವುದೇ ಮೊದಲ ಪ್ರಶ್ನೆ.

ಜನವರಿ 14

ಅಂಗಡಿಗೆ ಹೋಗುವ ಮೊದಲು ಪೇಪರ್ ಮೇಲೆ ಲೆಕ್ಕ ಹಾಕಿದೆ. ಆಡಿಯೋವನ್ನು 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ಇಳಿಸಿದರೆ ಗಂಟೆಗೆ ಸುಮಾರು 1.04 ಜಿಬಿ. 112 ಕ್ಯಾಸೆಟ್ ಅಂದರೆ 168 ಗಂಟೆ, ಹತ್ತಿರ ಹತ್ತಿರ 174 ಜಿಬಿ. ಮಿನಿ ಡಿವಿ ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. 46 ಟೇಪಿಗೆ 598. ಎರಡೂ ಕೂಡಿದರೆ 772.

ಹಾಗಾದರೆ 1 ಟಿಬಿ, ಅಂದರೆ ಸಾವಿರ ಜಿಬಿ, ಸಾಕಲ್ವಾ ಅಂತ ನಾನೂ ಅಂದುಕೊಂಡೆ. ಆದರೆ ಗುಂಯ್‌ಗುಡುವ ಸದ್ದು ತೆಗೆದ ಆಡಿಯೋವನ್ನು ಬೇರೆಯಾಗಿ ಇಡಬೇಕು, ಮೂಲ ಹಾಗೇ ಇರಬೇಕು. ಅದಕ್ಕೆ ಇನ್ನೊಂದು 174. ಅಲ್ಲಿಗೆ 946 ಆಯಿತು. 1 ಟಿಬಿ ಡ್ರೈವಿನ ಕುತ್ತಿಗೆವರೆಗೆ ತುಂಬಿದ ಹಾಗೆ.

ಇಲ್ಲೊಂದು ಮಾತು. 1 ಟಿಬಿ ಡ್ರೈವ್ ಹಾಕಿದರೆ ವಿಂಡೋಸ್ 931 ಜಿಬಿ ತೋರಿಸುತ್ತದೆ. ಯಾರೂ ಕದ್ದಿಲ್ಲ. ಕಂಪನಿಯವರು ಸಾವಿರದಿಂದ ಎಣಿಸುತ್ತಾರೆ, ವಿಂಡೋಸ್ 1024ರಿಂದ. ಸೇರು ಬೇರೆ, ಅಕ್ಕಿ ಅಷ್ಟೇ. ನನ್ನ ಮೇಲಿನ ಲೆಕ್ಕವೆಲ್ಲ ಸಾವಿರದ ಲೆಕ್ಕ. ಒಂದನ್ನು ಈ ಸೇರಿನಲ್ಲಿ, ಇನ್ನೊಂದನ್ನು ಆ ಸೇರಿನಲ್ಲಿ ಅಳೆದರೆ ಮಾತ್ರ ತಪ್ಪುತ್ತದೆ.

ಜನವರಿ 19

ಬೆಲೆ ನೋಡಿದೆ. ಬೆಲೆಯನ್ನು ಜಿಬಿಯಿಂದ ಭಾಗಿಸಿ ಜಿಬಿಗೆ ಎಷ್ಟು ರೂಪಾಯಿ ಅಂತ ಬರೆದುಕೊಂಡೆ. 500 ಜಿಬಿಯದ್ದು ಜಿಬಿ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ. 2 ಟಿಬಿ ಹತ್ತಿರ ದರ ಚೆನ್ನಾಗಿ ಇಳಿಯುತ್ತದೆ. 4 ಟಿಬಿಗೆ ಹೋದರೆ ಜಿಬಿ ದರದಲ್ಲಿ ಹೆಚ್ಚು ಉಳಿಯುವುದಿಲ್ಲ, ಕೈಯಿಂದ ಹೋಗುವ ದುಡ್ಡು ಮಾತ್ರ ಜಾಸ್ತಿ. ನಾನು ನೋಡಿದ ದಿನ ಹೀಗಿತ್ತು. ಈ ದರ ಏರಿಳಿಯುತ್ತಲೇ ಇರುತ್ತದೆ, ಕೊಳ್ಳುವ ದಿನ ನೀವೇ ಭಾಗಿಸಿ ನೋಡಿ.

ಜನವರಿ 25

ಬರೀ ಜಿಬಿ ದರ ನೋಡಿದರೆ ಸಾಲದು ಅಂತ ಇವತ್ತು ಕಣ್ಣಾರೆ ಕಂಡೆ. ಮದುವೆ ಫೋಟೋ ತೆಗೆಯುವ ಗೆಳೆಯ ತನ್ನ ಎಸ್‌ಎಸ್‌ಡಿ ಎರಡು ದಿನಕ್ಕೆ ಕೊಟ್ಟಿದ್ದ. ತುಂಬಾ ಅಗ್ಗಕ್ಕೆ ಸಿಕ್ಕಿದ್ದಂತೆ. 300 ಜಿಬಿ ಕಾಪಿಗೆ ಹಾಕಿದೆ. ಶುರುವಿನಲ್ಲಿ ಸೆಕೆಂಡಿಗೆ 800 ಎಂಬಿ. ಕಾಲು ಭಾಗ ದಾಟುತ್ತಿದ್ದ ಹಾಗೆ ಗ್ರಾಫ್ ಬಾವಿಗೆ ಬಿದ್ದ ಕೊಡದ ಥರ ಕೆಳಗಿಳಿಯಿತು. 90, ಮತ್ತೆ 80. ನನ್ನ ಹಳೇ ಹಾರ್ಡ್ ಡಿಸ್ಕ್ 110ರಲ್ಲಿ ಓಡುತ್ತದೆ!

ಕಾರಣ ಒಳಗಿನ ಚಿಪ್. ಅದು ಕ್ಯೂಎಲ್‌ಸಿ, ಅಂದರೆ ಡೇಟಾ ಕೂರುವ ಒಂದೊಂದು ಪುಟ್ಟ ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಬಗೆ. ಜಾಗ ಜಾಸ್ತಿ ಸಿಗುತ್ತದೆ, ಬೆಲೆ ಕಮ್ಮಿ, ಆದರೆ ಬರೆಯುವುದು ನಿಧಾನ. ಇದನ್ನು ಮುಚ್ಚಲು ಡ್ರೈವ್ ಖಾಲಿ ಇರುವ ಒಂದಿಷ್ಟು ಕೋಶಗಳಲ್ಲಿ ಒಂದೊಂದೇ ಬಿಟ್ ಬರೆದು ಬೇಗ ಮುಗಿಸುತ್ತದೆ. ಆ ಜಾಗ ತುಂಬಿತೋ, ನಿಜವಾದ ವೇಗ ಹೊರಗೆ ಬರುತ್ತದೆ. ಡ್ರೈವ್ ತುಂಬುತ್ತಾ ಬಂದ ಹಾಗೆ ಆ ಖಾಲಿ ಜಾಗವೂ ಕುಗ್ಗುತ್ತದೆ. 1 ಟಿಬಿಯಲ್ಲಿ 946 ತುಂಬುವ ಯೋಚನೆ ಇಲ್ಲಿಗೆ ಬಿಟ್ಟೆ. ಪೆಟ್ಟಿಗೆ ಮೇಲಿನ ವೇಗ ಮೊದಲ ಕೆಲವು ನಿಮಿಷದ್ದು. ನಾಲ್ಕು ಫೋಟೋ ಹಾಕುವವರಿಗೆ ಕ್ಯೂಎಲ್‌ಸಿ ಧಾರಾಳ ಸಾಕು. ನನ್ನ ಥರ ನೂರಾರು ಜಿಬಿ ಒಟ್ಟಿಗೆ ಸುರಿಯುವವರು ಮೂರು ಬಿಟ್‌ನ ಟಿಎಲ್‌ಸಿ ಹುಡುಕಬೇಕು.

ಫೆಬ್ರವರಿ 2

ಸ್ಯಾಮ್‌ಸಂಗ್ ಟಿ7 ಶೀಲ್ಡ್, 2 ಟಿಬಿ ತಂದೆ. 98 ಗ್ರಾಂ, 13 ಮಿ.ಮೀ. ದಪ್ಪ, ಮೇಲೆ ರಬ್ಬರ್ ಹೊದಿಕೆ. ಬರೀ ಟಿ7 ಇನ್ನೂ ಚಿಕ್ಕದು. ಎಟಿಎಂ ಕಾರ್ಡಿನಷ್ಟು ಅಗಲ, 8 ಮಿ.ಮೀ. ದಪ್ಪ, 58 ಗ್ರಾಂ. ನನಗೆ ಚಿಕ್ಕದಕ್ಕಿಂತ ನೀರು, ಧೂಳು ತಡೆಯುವ ಐಪಿ65 ಮುಖ್ಯ ಅನ್ನಿಸಿತು.

ಒಂದು ಬೈಟ್ ಹಾಕುವ ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಪುಕ್ಕಟೆ ಸಿಗುವ ಪುಟ್ಟ ಪ್ರೋಗ್ರಾಂ. ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದು ಹಾಗೇ ಇದೆಯಾ ಅಂತ ವಾಪಸ್ ಓದಿ ನೋಡುತ್ತದೆ. ಬರೆದು ಓದಿ ಎರಡು ಗಂಟೆಯ ಹತ್ತಿರ ಹಿಡಿಯಿತು. ಒಂದೂ ತಪ್ಪಿಲ್ಲ.

ಈ ಪರೀಕ್ಷೆಯ ಬೆಲೆ ಗೊತ್ತಾಗಿದ್ದು ಭಾವನಿಂದ. ಅವರು ಆನ್‌ಲೈನ್‌ನಲ್ಲಿ 16 ಟಿಬಿ ಅಂತ ಸಿಕ್ಕಾಪಟ್ಟೆ ಕಮ್ಮಿಗೆ ಒಂದನ್ನು ತರಿಸಿದ್ದರು. ಕಂಪ್ಯೂಟರಿಗೆ ಹಾಕಿದರೆ 16 ಟಿಬಿ ಅಂತಲೇ ತೋರಿಸುತ್ತಿತ್ತು. ಎಚ್2ಟೆಸ್ಟ್‌ಡಬ್ಲ್ಯೂ ಹಾಕಿದಾಗ 58 ಜಿಬಿ ಆದ ಮೇಲೆ ಎಲ್ಲ ಬರೀ ಕಸ. ಪ್ಲಾಸ್ಟಿಕ್ ಹೊದಿಕೆ ಎಬ್ಬಿಸಿದೆವು. ಒಳಗೆ ಉಗುರಿನಷ್ಟು ಮೈಕ್ರೋ ಎಸ್‌ಡಿ ಕಾರ್ಡ್, ಪಕ್ಕದಲ್ಲಿ ತೂಕಕ್ಕೆ ಅಂಟಿಸಿದ ಕಬ್ಬಿಣದ ತುಂಡು. ಮಗಳ ನಾಮಕರಣದ ವಿಡಿಯೋ ಅದರಲ್ಲೇ ಹಾಕಿ ಫೋನಿನಿಂದ ಅಳಿಸಿಬಿಟ್ಟಿದ್ದರು. ಅವರ ಮುಖ ನೋಡಲು ಆಗಲಿಲ್ಲ.

ಫೆಬ್ರವರಿ 9

ಹೊಸ ಡ್ರೈವ್ 38 ಎಂಬಿಯಲ್ಲಿ ತೆವಳುತ್ತಿತ್ತು. ಗಾಬರಿಯಾಯಿತು. ನೋಡಿದರೆ ನಾನು ಹಾಕಿದ್ದು ಫೋನ್ ಚಾರ್ಜರಿನ ಕೇಬಲ್, ಒಳಗೆ ಬರೀ ಯುಎಸ್‌ಬಿ 2. ಡ್ರೈವ್ ಜತೆ ಬಂದ ಕೇಬಲ್ ಹಾಕಿದ ತಕ್ಷಣ 900 ದಾಟಿತು. ಈಗ ಆ ಕೇಬಲಿಗೆ ಕೆಂಪು ದಾರ ಕಟ್ಟಿದ್ದೇನೆ.

ಮಾರ್ಚ್ 16

ಟೇಪು 31 ಮುಗಿದವು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಇದಕ್ಕೆ ಯಾವ ವೇಗದ ಡ್ರೈವೂ ಸಹಾಯ ಮಾಡುವುದಿಲ್ಲ. ಫಾರ್ಮ್ಯಾಟ್ ಎಕ್ಸ್‌ಫ್ಯಾಟ್‌ನಲ್ಲೇ ಇಟ್ಟೆ. ತಂಗಿಯ ಮ್ಯಾಕ್‌ನಲ್ಲೂ ತೆರೆಯುತ್ತದೆ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ನನ್ನದು ಒಂದೊಂದೂ 13.

ಮಾರ್ಚ್ 30

ಸೆಕೆ ಶುರುವಾಗಿದೆ. ಎಸ್‌ಎಸ್‌ಡಿಯನ್ನು ಬೀರುವಿನಲ್ಲಿ ವರ್ಷಗಟ್ಟಲೆ ಸುಮ್ನೆ ಇಟ್ಟು ಮರೆಯುವ ಹಾಗಿಲ್ಲ. ಡೇಟಾ ಹಿಡಿದಿಡುವ ಕೋಶದೊಳಗಿನ ಚಾರ್ಜ್ ಮೆಲ್ಲಗೆ ಸೋರುತ್ತದೆ, ಬಿಸಿಯಲ್ಲಿ ಇನ್ನೂ ಬೇಗ. ಬಳಸಿ ಸವೆದ ಡ್ರೈವ್ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿರಬೇಕು ಅನ್ನುವುದೇ ಚಿಪ್ ಕಂಪನಿಗಳ ಮಾನದಂಡ ಸಂಸ್ಥೆ ಜೆಡೆಕ್ ಹಾಕಿದ ಮಟ್ಟ. ಹೊಸದು ಅದಕ್ಕಿಂತ ಎಷ್ಟೋ ಹೆಚ್ಚು ತಾಳುತ್ತದೆ. ಆದರೂ ನಮ್ಮ ಮಾಳಿಗೆ ಏಪ್ರಿಲ್‌ನಲ್ಲಿ 30ಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಎಸ್‌ಎಸ್‌ಡಿ ಕೆಲಸಕ್ಕೆ, ಎರಡನೇ ಪ್ರತಿ ಮಾಮೂಲಿ ಹಾರ್ಡ್ ಡಿಸ್ಕಿನಲ್ಲಿ. ಅದು ಬೆಂಗಳೂರಿಗೆ, ತಂಗಿ ಮನೆಗೆ ಹೋಗುತ್ತದೆ.

ಏಪ್ರಿಲ್ 6

ಮೊದಲ 20 ಕ್ಯಾಸೆಟ್ ಇಳಿಸಿದೆ. ಸಂಜೆ ಅಪ್ಪ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಚೆಂಡೆ ನಿಂತು ಅರ್ಥ ಶುರುವಾಗುವ ಜಾಗದಲ್ಲಿ, "ಮಗಾ, ಇಲ್ಲಿ ಕೆಮ್ಮಿದ್ದು ನಾನೇ" ಅಂದರು. ಸದ್ದು ತೆಗೆಯುವಾಗ ಆ ಕೆಮ್ಮನ್ನು ಬಿಡಬೇಕು ಅಂತ ಫೈಲಿನ ಹೆಸರಿನ ಮುಂದೆ ಗುರುತು ಹಾಕಿದೆ. ನಾಳೆ ಬೂಷ್ಟು ಹಿಡಿದ ಮೊದಲ ಕ್ಯಾಸೆಟ್‌ನ ಸ್ಕ್ರೂ ಬಿಚ್ಚುವುದು.