ಹೋಮ್‌ಸ್ಟೇ ಸೈಟನ್ನು ಲ್ಯಾಪ್‌ಟಾಪ್‌ನಲ್ಲಿ ನೋಡಿ ಓಕೆ ಅನ್ನಬೇಡಿ

ಸಕಲೇಶಪುರ, ಚಿಕ್ಕಮಗಳೂರು, ಕೊಡಗು ಕಡೆಯ ಹೋಮ್‌ಸ್ಟೇಗಳಿಗೂ ಕೆಲವು ಸಣ್ಣ ಹೋಟೆಲ್‌ಗಳಿಗೂ ನಾನು ಬೆಂಗಳೂರಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುತ್ತೇನೆ. ಡೆಮೊ ದಿನ ಓನರ್ ಬರುತ್ತಾರೆ, ಜೊತೆಗೆ ಮಗನೋ ಅಳಿಯನೋ ಇರುತ್ತಾರೆ. ಎಲ್ಲರೂ ಲ್ಯಾಪ್‌ಟಾಪ್ ಸುತ್ತ ಸೇರುತ್ತಾರೆ. ಡ್ರೋನ್ ವಿಡಿಯೊ ಓಡುತ್ತದೆ, ಮಂಜು, ಕಾಫಿ ತೋಟ, ಹೆಂಚಿನ ಮನೆ. "ಸೂಪರ್ ಆಗಿದೆ, ಹಾಕಿಬಿಡಿ" ಅನ್ನುತ್ತಾರೆ. ಆಫೀಸ್ ವೈಫೈನಲ್ಲಿ ಯಾವ ಸೈಟ್ ತಾನೇ ಸೂಪರ್ ಆಗಿರಲ್ಲ?

ಆದರೆ ಅದನ್ನು ನೋಡಬೇಕಾದವರು ಅಲ್ಲಿಲ್ಲ. ಅವರು ಶುಕ್ರವಾರ ಸಂಜೆ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಕಾರಿನ ಹಿಂದಿನ ಸೀಟಲ್ಲಿದ್ದಾರೆ. ಮೊದಲು ಹೇಳಿದ್ದ ರೂಮು ಕೈಕೊಟ್ಟಿದೆ, ಮುಂದೆ ಕೂತವರು "ಬೇರೆ ಯಾವುದಾದ್ರೂ ನೋಡು" ಅಂತಿದ್ದಾರೆ. ಹಾಸನ ದಾಟಿ ಘಾಟಿ ಹತ್ತಿರವಾಗುತ್ತಿದ್ದ ಹಾಗೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಅವರಿಗೆ ಬೇಕಾಗಿರುವುದು ನಾಲ್ಕೇ ವಿಷಯ: ರೂಮು ಹೇಗಿದೆ, ಎಷ್ಟು, ಎಲ್ಲಿ, ಯಾರಿಗೆ ಫೋನ್ ಮಾಡಬೇಕು. ಈ ನಾಲ್ಕು ತಕ್ಷಣ ಸಿಗದಿದ್ದರೆ ಅವರು ವಾಪಸ್ ಹೋಗಿ ದೊಡ್ಡ ಬುಕಿಂಗ್ ಆ್ಯಪ್ ತೆರೆಯುತ್ತಾರೆ. ಅಲ್ಲಿ ನಿಮ್ಮದೇ ರೂಮು ಬುಕ್ ಆದರೂ ಕಮಿಷನ್ ಹೋಗುತ್ತದೆ, ಅದು ಶೇ. 15 ದಾಟುವುದೇನೂ ಅಪರೂಪವಲ್ಲ. ಅದನ್ನು ಉಳಿಸಲಿಕ್ಕೇ ತಾನೇ ಸ್ವಂತ ಸೈಟ್ ಮಾಡಿಸಿದ್ದು?

ಸ್ವಲ್ಪ ಹಿಂದಿನ ಕಥೆ ಹೇಳಿಬಿಡುತ್ತೇನೆ, ಬೇಗ ಮುಗಿಸುತ್ತೇನೆ. 2007ರಲ್ಲಿ ಐಫೋನ್ ಬಂದಾಗ ಅದರ ಬ್ರೌಸರ್ ಪ್ರತಿ ಪುಟವನ್ನೂ 980 ಪಿಕ್ಸೆಲ್ ಅಗಲದ್ದು ಅಂದುಕೊಂಡು ಕುಗ್ಗಿಸಿ ತೋರಿಸುತ್ತಿತ್ತು. ಪುಟದಲ್ಲಿ ವ್ಯೂಪೋರ್ಟ್ ಅನ್ನುವ ಒಂದು ಸಾಲಿನ ಕೋಡ್ ಇಲ್ಲದಿದ್ದರೆ ಇವತ್ತಿಗೂ ಫೋನ್‌ಗಳು ಹಾಗೇ ಮಾಡುತ್ತವೆ, ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಡಿಸೈನರ್, ಫೋನಿಗೊಂದು ಕಂಪ್ಯೂಟರಿಗೊಂದು ಸೈಟ್ ಬೇಡ, ಒಂದೇ ಪುಟ ಸ್ಕ್ರೀನಿಗೆ ತಕ್ಕ ಹಾಗೆ ಹೊಂದಿಕೊಳ್ಳಲಿ ಅಂದ. ಅದೇ ರೆಸ್ಪಾನ್ಸಿವ್ ಡಿಸೈನ್. ಏಪ್ರಿಲ್ 2015ರಲ್ಲಿ ಗೂಗಲ್, ಮೊಬೈಲಿಗೆ ಹೊಂದುವ ಪುಟಗಳನ್ನು ಮೊಬೈಲ್ ಸರ್ಚ್‌ನಲ್ಲಿ ಮೇಲೆ ತರಲು ಶುರು ಮಾಡಿತು. ಆಮೇಲೆ, ಪುಟದ ಮೊಬೈಲ್ ರೂಪವನ್ನೇ ಓದಿ ಇಂಡೆಕ್ಸ್ ಮಾಡುತ್ತೇವೆ, ಅಂದರೆ ಸರ್ಚ್‌ನ ಪಟ್ಟಿಗೆ ಸೇರಿಸುತ್ತೇವೆ ಅಂತ 2016ರಲ್ಲಿ ಹೇಳಿ, 2023ರ ಅಕ್ಟೋಬರ್‌ಗೆ ಆ ಬದಲಾವಣೆ ಮುಗಿಯಿತು ಅಂದಿತು. ಹಾಗಾಗಿ "ಮೊಬೈಲಲ್ಲಿ ಜಾಗ ಸಾಲಲ್ಲ, ರೂಮಿನ ವಿವರ ತೆಗೆದುಬಿಡಿ" ಅನ್ನೋರಿಗೆ ಒಂದೇ ಮಾತು: ಅಲ್ಲಿ ತೆಗೆದರೆ ಗೂಗಲ್ ಪಾಲಿಗೂ ಅದು ಇಲ್ಲ.

ಈಗ ಫೋಟೊ. ಜಾಸ್ತಿ ಜಗಳ ಆಗೋದು ಇಲ್ಲೇ. ಫೋಟೊಗ್ರಾಫರ್ ಕೊಟ್ಟ ಎಂಟು ಎಂಬಿ ಫೋಟೊವನ್ನು ಹಾಗೇ ಏರಿಸಿರುತ್ತಾರೆ, ಅಂಥವು ಐದಾರು ಸೇರಿಸಿ ಮೊದಲ ಪುಟದಲ್ಲೇ ಸ್ಲೈಡರ್ ತಿರುಗಿಸುತ್ತಾರೆ. ಎರಡನೇ ಫೋಟೊ ಬರುವುದರೊಳಗೆ ನೋಡುವವರು ಹೋಗಿರುತ್ತಾರೆ. ಫೋನಿನಲ್ಲಿ ಸಾವಿರದ ಚಿಲ್ಲರೆ ಪಿಕ್ಸೆಲ್ ಅಗಲದ ಚಿತ್ರ ಸಾಕು. ವೆಬ್‌ಪಿ ಅನ್ನುವ ಹಗುರ ಫೈಲ್ ರೂಪಕ್ಕೆ ಬದಲಾಯಿಸಿದರೆ ಅದೇ ಚಿತ್ರ ನೂರು, ಇನ್ನೂರು ಕೆಬಿಗೆ ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಫೋನಿಗೆ ಚಿಕ್ಕದು, ಲ್ಯಾಪ್‌ಟಾಪಿಗೆ ದೊಡ್ಡದು ಅಂತ ಬ್ರೌಸರೇ ಆರಿಸಿಕೊಳ್ಳುವ ಹಾಗೆ ಕೋಡ್ ಬರೆಯಬಹುದು, ಡೆವಲಪರ್‌ನ ಕೇಳಿ ಬರೆಸಿಕೊಳ್ಳಿ. ಕೆಳಗಿನ ಫೋಟೊಗಳು ಸ್ಕ್ರೋಲ್ ಮಾಡಿದಾಗ ಲೋಡ್ ಆದರೆ ಸಾಕು, ಮೇಲಿನ ಮೊದಲ ಫೋಟೊಗೆ ಮಾತ್ರ ಆ ಲೇಜಿ ಲೋಡಿಂಗ್ ಹಾಕಬಾರದು. ಹಾಕಿದರೆ ಅದು ಬರುವುದು ಇನ್ನೂ ತಡ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಘಾಟಿ ರಸ್ತೆಯ ಸಿಗ್ನಲ್‌ನಲ್ಲಿ ಅದು ಸುಲಭ ಅಲ್ಲ, ಆದರೆ ಡ್ರೋನ್ ವಿಡಿಯೊ ತಾನಾಗೇ ಓಡಿದರೆ ಆಗೋದೇ ಇಲ್ಲ. ವಿಡಿಯೊ ಬೇಕೇ ಬೇಕು ಅಂದರೆ ಒಂದು ಚಿತ್ರ ಇಟ್ಟು, ಒತ್ತಿದರೆ ಓಡುವ ಹಾಗೆ ಮಾಡಿ.

ಇನ್ನೊಂದು, ಫೋಟೊದ ಉದ್ದ ಅಗಲ ಕೋಡಿನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಫೋಟೊ ಬಂದಾಗ ಪುಟ ಎಲ್ಲ ಕೆಳಕ್ಕೆ ಜಿಗಿಯುತ್ತದೆ, ಫೋನ್ ಬಟನ್ ಒತ್ತಲು ಹೋದ ಬೆರಳು ಇನ್ನೆಲ್ಲೋ ಒತ್ತುತ್ತದೆ.

ಫೋನ್ ನಂಬರ್ ವಿಷಯಕ್ಕೆ ಬಂದರೆ, ನಂಬರನ್ನು ಬ್ಯಾನರ್ ಚಿತ್ರದೊಳಗೆ ಡಿಸೈನ್ ಮಾಡಿಸಿಕೊಂಡವರು ಇನ್ನೂ ಇದ್ದಾರೆ! ಅದನ್ನು ಒತ್ತಲೂ ಆಗಲ್ಲ, ಕಾಪಿ ಮಾಡಲೂ ಆಗಲ್ಲ. ಕಾರು ಕುಲುಕುವಾಗ ಹತ್ತು ಅಂಕಿ ನೆನಪಿಟ್ಟುಕೊಂಡು ಯಾರು ಡಯಲ್ ಮಾಡುತ್ತಾರೆ ಹೇಳಿ. ಒತ್ತಿದರೆ ಕಾಲ್ ಹೋಗಬೇಕು, ಪಕ್ಕದಲ್ಲಿ ವಾಟ್ಸಾಪ್ ಬಟನ್ ಇರಬೇಕು, ಎರಡೂ ಸ್ಕ್ರೀನಿನ ಕೆಳಗಡೆ ಹೆಬ್ಬೆರಳಿಗೆ ಎಟುಕುವ ಕಡೆ. ಬಟನ್ ಸುಮಾರು 48 ಪಿಕ್ಸೆಲ್ ಎತ್ತರ ಇದ್ದರೆ ತಪ್ಪು ಒತ್ತುವುದು ಕಡಿಮೆ. ವಾಟ್ಸಾಪ್ ಲಿಂಕ್‌ನಲ್ಲಿ ಮೆಸೇಜನ್ನು ಮೊದಲೇ ತುಂಬಿಡಬಹುದು: "ಯಾವ ದಿನ, ಎಷ್ಟು ಜನ, ಮಕ್ಕಳು ಇದ್ದಾರಾ" ಅಂತ. ಗೆಸ್ಟ್ ಅದನ್ನೇ ತುಂಬಿ ಕಳಿಸುತ್ತಾರೆ, ನಿಮಗೂ ಹತ್ತು ಸಲ ಕೇಳುವ ಕಾಟ ತಪ್ಪುತ್ತದೆ. ಬುಕಿಂಗ್ ಫಾರ್ಮ್ ಇಟ್ಟರೆ ಹೆಸರು, ನಂಬರ್, ದಿನ, ಜನ ಇಷ್ಟೇ ಕೇಳಿ. ಆ ಖಾನೆಗಳ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಐಫೋನ್ ತಾನಾಗೇ ಜೂಮ್ ಆಗಿ ಪುಟ ಅಡ್ಡಾದಿಡ್ಡಿ ಆಗುತ್ತದೆ. ಪುಟ ತೆರೆದ ತಕ್ಷಣ ಮುಖಕ್ಕೆ ಬಂದು ನಿಲ್ಲುವ ಆಫರ್ ಪಾಪ್‌ಅಪ್ ಬಗ್ಗೆ ನಾನು ಏನೂ ಹೇಳಲ್ಲ, ಬಿಪಿ ಏರುತ್ತದೆ.

ರೇಟು ಮುಚ್ಚಿಡುವ ಅಭ್ಯಾಸ ನನಗೆ ಅರ್ಥವೇ ಆಗಲ್ಲ. "ಫೋನ್ ಮಾಡಿದರೆ ಹೇಳ್ತೀವಿ" ಅಂತಾರೆ, ಇಲ್ಲವೇ ಟ್ಯಾರಿಫ್ ಪಿಡಿಎಫ್ ಹಾಕುತ್ತಾರೆ. ಫೋನಿನಲ್ಲಿ ಪಿಡಿಎಫ್ ಓದುವುದು ಅಂದರೆ ಎರಡು ಬೆರಳಲ್ಲಿ ಹಿಗ್ಗಿಸಿ ಆ ಕಡೆ ಈ ಕಡೆ ಎಳೆದಾಡುವುದು. ಮಲೆನಾಡಿನ ಹೋಮ್‌ಸ್ಟೇಗಳಲ್ಲಿ ಸಾಮಾನ್ಯವಾಗಿ ತಲೆಗಿಷ್ಟು, ಊಟ ತಿಂಡಿ ಸೇರಿ ಅಂತ ರೇಟು ಇರುತ್ತದೆ. ಬೆಂಗಳೂರಿನವರು ರೂಮಿಗಿಷ್ಟು ಅಂದುಕೊಂಡು ಬಂದು, ಬಿಲ್ ಹೊತ್ತಿಗೆ ಮುಖ ಕೆಡಿಸಿಕೊಳ್ಳುತ್ತಾರೆ. ತಲೆಗೆಷ್ಟು, ಮಕ್ಕಳಿಗೆಷ್ಟು, ಟ್ಯಾಕ್ಸ್ ಸೇರಿದೆಯಾ, ವೀಕೆಂಡ್‌ಗೆ ಜಾಸ್ತಿನಾ, ಅಡ್ವಾನ್ಸ್ ಎಷ್ಟು, ಕ್ಯಾನ್ಸಲ್ ಆದರೆ ವಾಪಸ್ ಎಷ್ಟು, ಇಷ್ಟನ್ನೂ ಪುಟದಲ್ಲೇ ಅಕ್ಷರದಲ್ಲಿ ಬರೆಯಿರಿ. ಆರು ಕಾಲಮ್‌ನ ಟೇಬಲ್ ಬೇಡ, ಒಂದೊಂದು ರೂಮಿಗೆ ಒಂದೊಂದು ಬಾಕ್ಸ್, ಒಂದರ ಕೆಳಗೆ ಒಂದು.

ದಾರಿಗೆ ಎಲ್ಲರೂ ಗೂಗಲ್ ಮ್ಯಾಪನ್ನು ಪುಟದೊಳಗೆ ಕೂರಿಸುತ್ತಾರೆ. ಅದು ಭಾರ. ಒತ್ತಿದರೆ ಮ್ಯಾಪ್ ಆ್ಯಪ್ ತೆರೆಯುವ ಲಿಂಕ್ ಸಾಕು. ಅದಕ್ಕಿಂತ ಮುಖ್ಯ, ದಾರಿಯನ್ನು ಮಾತಲ್ಲಿ ಬರೆಯುವುದು. ಯಾವ ಊರಿನ ಯಾವ ಸರ್ಕಲ್ ದಾಟಿ ಎಡಕ್ಕೆ, ಎಲ್ಲಿಂದ ಮಣ್ಣು ರಸ್ತೆ, ಸಣ್ಣ ಕಾರು ಬರುತ್ತದಾ ಅಥವಾ ಜೀಪ್ ಕಳಿಸುತ್ತೀರಾ, ಯಾವ ನೆಟ್‌ವರ್ಕ್ ಎಲ್ಲಿಯವರೆಗೆ ಸಿಗುತ್ತದೆ. ಇದನ್ನು ಗೆಸ್ಟ್ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಾರೆ, ಸಿಗ್ನಲ್ ಹೋದ ಮೇಲೆ ಕೈ ಹಿಡಿಯೋದು ಅದೊಂದೇ.

ಚೆಕ್ ಮಾಡುವುದು ಹೇಗೆ? ಗೂಗಲ್‌ನ ಹಳೇ ಮೊಬೈಲ್ ಫ್ರೆಂಡ್ಲಿ ಟೆಸ್ಟ್ 2023ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ, ಅಡ್ರೆಸ್ ಹಾಕಿದರೆ ಮೊಬೈಲಿನ ಲೆಕ್ಕ ಬೇರೆಯಾಗೇ ಕೊಡುತ್ತದೆ. ಆದರೂ ನಾನು ಓನರ್‌ಗೆ ಹೇಳುವುದು, ವೈಫೈ ಆಫ್ ಮಾಡಿ, ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಕೈಲಿರುವ ಹಳೇ ಫೋನಿನಲ್ಲಿ ಸೈಟ್ ತೆರೆಯಿರಿ, ರೇಟು ಹುಡುಕಿ ಫೋನ್ ಮಾಡಲು ಅವರಿಗೇ ಹೇಳಿ, ನೀವು ಸುಮ್ನೆ ನಿಂತು ನೋಡಿ.

ಕೊನೆಗೆ ಕನ್ನಡ. ಕೇಳುವ ಓನರ್‌ಗಳು ಕಡಿಮೆ, ನಾನೇ ಹಠ ಹಿಡಿದು ಮಾಡಿಸುತ್ತೇನೆ. ಅಪ್ಪ ಅಮ್ಮನನ್ನು ಕರಕೊಂಡು ಬರುವವರು ಲಿಂಕನ್ನು ಮನೆಯ ಗ್ರೂಪ್‌ಗೆ ಹಾಕುತ್ತಾರೆ, ಓದುವವರು ಅವರೇ ಅಲ್ವಾ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಸ್ವಲ್ಪ ಹೆಚ್ಚಿಸಿ. ಅಕ್ಷರಗಳ ನಡುವೆ ಜಾಗ ಬಿಡುವ ಸ್ಟೈಲ್ ತೆಗೆದುಹಾಕಿ, ಪದ ಬಿಡಿಬಿಡಿಯಾಗಿ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಸಾಕು. "ಈಗಲೇ ಕಾಯ್ದಿರಿಸಿ" ಅಂತ ಬಟನ್ ಮೇಲೆ ಬರೆದು ಅದು ಎರಡು ಸಾಲಾಗಿ ಒಡೆಯುವುದಕ್ಕಿಂತ "ಬುಕ್ ಮಾಡಿ" ಅನ್ನಿ. ಬಜೆಟ್ ಇಲ್ಲ ಅಂದರೆ ರೇಟು, ಊಟ, ದಾರಿ, ಈ ಮೂರು ಪುಟ ಮಾತ್ರ ಕನ್ನಡದಲ್ಲಿ ಮಾಡಿಸಿ. ಆಟೊ ಟ್ರಾನ್ಸ್‌ಲೇಟ್ ಬೇಡ, ನಿಮ್ಮ ಮನೆಯವರೇ ಯಾರಾದರೂ ಗೆಸ್ಟ್‌ಗೆ ಫೋನಲ್ಲಿ ಹೇಳುವ ಹಾಗೆ ಬರೆದು ಕೊಡಲಿ, ನಾನು ಹಾಗೇ ಹಾಕುತ್ತೇನೆ.