ಟಿಆರ್6ಕ್ಕೆ ಹೊಸ ಕ್ಯಾಮ್‌ಶಾಫ್ಟ್: ಎಂಟು ಡಿಗ್ರಿಯ ತಪ್ಪು, ಮೂರು ತಿಂಗಳ ಹೊಗೆ

ಮಾರ್ಚ್, ಎರಡನೆಯ ವಾರ

ಚಳಿಗಾಲದ ಕೆಲಸ ಮುಗಿಯಿತೆಂದು ಬರೆಯಲು ಕುಳಿತವನು ಮುಗಿದಿಲ್ಲವೆಂದು ಬರೆಯಬೇಕಾಗಿದೆ. ಇಂಜಿನ್ ಮತ್ತೆ ಕಾರಿನೊಳಗೆ ಕುಳಿತಿದೆ, ಸ್ಟಾರ್ಟೂ ಆಗುತ್ತದೆ. ಆದರೆ ಅದು ಓಡುವ ರೀತಿ ನೋಡಿದರೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಹಳೆಯ ಕ್ಯಾಮ್‌ಶಾಫ್ಟೇ ವಾಸಿಯಾಗಿತ್ತು ಅನ್ನಿಸುತ್ತದೆ.

ಕಾರು 1973ರ ಟ್ರಯಂಫ್ ಟಿಆರ್6. ನಾನು ಈಗ ವಾಸವಿರುವ ಕವೆಂಟ್ರಿಯಲ್ಲೇ, ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು. 2,498 ಸಿಸಿಯ ಸಾಲು ಆರು ಸಿಲಿಂಡರಿನ ಇಂಜಿನ್ನಿಗೆ ಲ್ಯೂಕಾಸ್‌ನ ಯಾಂತ್ರಿಕ ಪೆಟ್ರೋಲ್ ಇಂಜೆಕ್ಷನ್ ಇದೆ. ಅಮೆರಿಕಕ್ಕೆ ಹೋದ ಇದೇ ಕಾರುಗಳಿಗೆ ಕಾರ್ಬ್ಯುರೇಟರ್ ಹಾಕಿದ್ದರು. ಮೊದಲ ವರ್ಷಗಳ ಇಂಜೆಕ್ಷನ್ ಕಾರುಗಳಿಗೆ 150 ಅಶ್ವಶಕ್ತಿ ಎಂದು ಕಂಪನಿ ಹೇಳುತ್ತಿತ್ತು. 1973ರ ಮಾದರಿಗೆ ಬರುವ ಹೊತ್ತಿಗೆ ಆ ಅಂಕಿ 125ಕ್ಕೆ ಇಳಿದಿತ್ತು. ಅಳತೆಯ ಪದ್ಧತಿ ಬದಲಾದದ್ದೂ ಆ ಇಳಿಕೆಯಲ್ಲಿ ಸೇರಿದೆ, ಆದರೆ ಕ್ಯಾಮ್‌ಶಾಫ್ಟನ್ನು ನಿಜವಾಗಿಯೂ ಸೌಮ್ಯಗೊಳಿಸಿದ್ದರು. ಮೊದಲಿನ ಕ್ಯಾಮ್‌ನಲ್ಲಿ ಇನ್‌ಲೆಟ್ ವಾಲ್ವ್ ಪಿಸ್ಟನ್ ಮೇಲಿನ ತುದಿಯನ್ನು (ಇದೇ ಟಿಡಿಸಿ) ಮುಟ್ಟಲು ಕ್ರ್ಯಾಂಕ್, ಅಂದರೆ ಇಂಜಿನ್ನಿನ ಮುಖ್ಯ ದಂಡ, ಇನ್ನೂ 35 ಡಿಗ್ರಿ ತಿರುಗಬೇಕಿರುವಾಗಲೇ ತೆರೆದುಕೊಳ್ಳುತ್ತಿತ್ತು. ನಂತರದ್ದರಲ್ಲಿ 18 ಡಿಗ್ರಿ ಮೊದಲು. ಇನ್‌ಲೆಟ್, ಎಕ್ಸಾಸ್ಟ್ ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ (ಅತಿವ್ಯಾಪ್ತಿ) ಹೀಗೆ 70 ಡಿಗ್ರಿಯಿಂದ 36ಕ್ಕೆ ಇಳಿಯಿತು. ಕಳೆದುಹೋದ ಆ ಶಕ್ತಿಯನ್ನು ಮರಳಿ ಪಡೆಯುವ ಆಸೆಯಿಂದ ನಾನು ಹೊರಗಿನ ತಯಾರಕರೊಬ್ಬರ ಕ್ಯಾಮ್ ಕೊಂಡೆ. ಅದರ ಜೊತೆ ಬಂದ ಚೀಟಿಯ ಪ್ರಕಾರ ವಾಲ್ವ್ ತೆರೆದಿರುವ ಅವಧಿ 284 ಡಿಗ್ರಿ, ಅತಿವ್ಯಾಪ್ತಿ ಮತ್ತೆ 70 ಡಿಗ್ರಿ, ಇನ್‌ಲೆಟ್ ವಾಲ್ವ್ ಪೂರ್ಣ ಎತ್ತರಕ್ಕೆ ಏರಬೇಕಾದದ್ದು ಟಿಡಿಸಿ ಕಳೆದ 107 ಡಿಗ್ರಿಗೆ.

ಕ್ಯಾಮ್ ಉಬ್ಬಿನ ಚಲನೆಯನ್ನು ವಾಲ್ವಿನ ಕಡೆಗೆ ದಾಟಿಸುವ ಹೊಸ ಟ್ಯಾಪೆಟ್‌ಗಳನ್ನು ಹಾಕಿ, ಕ್ಯಾಮ್‌ನ ಉಬ್ಬುಗಳಿಗೆ ಪೇಸ್ಟ್ ಬಳಿದು, ಸತುವಿನ ಅಂಶ ಹೆಚ್ಚಿರುವ ಎಣ್ಣೆ ತುಂಬಿ, ಮೊದಲ ಬಾರಿ ಚಾಲೂ ಆದ ಕ್ಷಣದಿಂದ ಇಪ್ಪತ್ತು ನಿಮಿಷ ಇಂಜಿನ್ನನ್ನು ನಿಮಿಷಕ್ಕೆ 2,000 ಸುತ್ತಿಗಿಂತ ಕೆಳಗಿಳಿಯಲು ಬಿಡದೆ ಓಡಿಸಿದೆ. ಚಪ್ಪಟೆ ಟ್ಯಾಪೆಟ್ಟಿನ ಇಂಜಿನ್ನಿನಲ್ಲಿ ಹೊಸ ಕ್ಯಾಮ್ ಹಾಳಾಗುವುದಿದ್ದರೆ ಹೆಚ್ಚಾಗಿ ಆ ಮೊದಲ ಕೆಲವು ನಿಮಿಷಗಳಲ್ಲೇ ಹಾಳಾಗುತ್ತದೆ. ಅಷ್ಟರ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಆಕ್ಸಿಲರೇಟರ್ ಬಿಟ್ಟೆ. 1,100ಕ್ಕಿಂತ ಕೆಳಗೆ ಐಡ್ಲಿಂಗ್ ನಿಲ್ಲಲೇ ಇಲ್ಲ. ಹಿಂದಿನ ಗೋಡೆಗೆ ಮಸಿ ಹಿಡಿಯುವಷ್ಟು ಕಪ್ಪು ಹೊಗೆ. ರಸ್ತೆಗೆ ಇಳಿಸಿದರೆ 3,000ದವರೆಗೆ ಎತ್ತಿನಗಾಡಿ, ಅದಾದ ಮೇಲೆ ಹಿಂದಿನಿಂದ ಯಾರೋ ತಳ್ಳಿದಂತೆ ಒಮ್ಮೆಲೇ ಜಿಗಿತ.

ಮಾರ್ಚ್ 23

ಸುಲಭವಾದ ಅನುಮಾನಗಳನ್ನು ಮೊದಲು ತೀರಿಸಿಕೊಂಡೆ. ಈ ಕಾರಿನಲ್ಲಿ ಏನೇ ಕೆಟ್ಟರೂ ಎಲ್ಲರೂ ಬೆರಳು ತೋರಿಸುವುದು ಡಿಕ್ಕಿಯಲ್ಲಿರುವ ಪೆಟ್ರೋಲ್ ಪಂಪಿನ ಕಡೆಗೆ. ಗೇಜ್ ಹಾಕಿ ನೋಡಿದರೆ ಒತ್ತಡ ಚದರ ಇಂಚಿಗೆ 106 ಪೌಂಡ್, ಅರ್ಧ ಗಂಟೆ ಓಡಿಸಿದರೂ ಅಷ್ಟೇ. ಇಂಜೆಕ್ಟರುಗಳನ್ನು ಒಂದೊಂದಾಗಿ ಗಾಜಿನ ಬಾಟಲಿಗೆ ಹಿಡಿದು ನೋಡಿದೆ; ಆರೂ ಹನಿ ಬೀಳಿಸದೆ ಸರಿಯಾಗಿ ಚಿಮುಕಿಸುತ್ತಿವೆ. (ಇದನ್ನು ಮಾಡುವಾಗ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ, ನಾನು ಗ್ಯಾರೇಜಿನ ಬಾಗಿಲನ್ನೂ ತೆರೆದಿಟ್ಟಿದ್ದೆ.) ಟ್ಯಾಪೆಟ್ ಗ್ಯಾಪ್ ಚೀಟಿಯಲ್ಲಿದ್ದಂತೆಯೇ ಇತ್ತು. ರಾಕರ್‌ಗಳ ಮೇಲೆ ಡಯಲ್ ಗೇಜ್ ಇಟ್ಟು ಹನ್ನೆರಡು ವಾಲ್ವ್‌ಗಳ ಎತ್ತರವನ್ನೂ ಅಳೆದೆ. ಯಾವ ಉಬ್ಬೂ ಸವೆದಿಲ್ಲ.

ಒಂದು ಅಂಕಿ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮಿದಾಗಿನ ಒತ್ತಡ) ಆರೂ ಸಿಲಿಂಡರಿನಲ್ಲಿ ಚದರ ಇಂಚಿಗೆ 130 ಪೌಂಡಿನ ಆಸುಪಾಸು. 9.5ಕ್ಕೆ 1ರ ಅನುಪಾತದ, ಈಗಷ್ಟೇ ಹೊಸ ರಿಂಗ್ ಹಾಕಿಸಿಕೊಂಡ ಇಂಜಿನ್ನಿಗೆ ಇದು ಕಡಿಮೆ. ಒಂದು ಸಿಲಿಂಡರಿನಲ್ಲಿ ಕಡಿಮೆಯಿದ್ದರೆ ವಾಲ್ವನ್ನೋ ರಿಂಗನ್ನೋ ಅನುಮಾನಿಸಬಹುದಿತ್ತು. ಆರರಲ್ಲೂ ಒಂದೇ ಸಮನಾಗಿ ಕಡಿಮೆಯೆಂದರೆ ಇನ್‌ಲೆಟ್ ವಾಲ್ವ್ ಮುಚ್ಚುವುದು ತಡವಾಗಿ, ಒಳಗೆಳೆದುಕೊಂಡ ಗಾಳಿಯಲ್ಲಿ ಒಂದು ಪಾಲನ್ನು ಪಿಸ್ಟನ್ ಮತ್ತೆ ಹೊರಗೆ ತಳ್ಳುತ್ತಿದೆ ಎಂದೇ ಅರ್ಥ. ಆದರೆ ಕ್ಯಾಮ್ ಟೈಮಿಂಗನ್ನು ನಾನೇ ಕ್ರ್ಯಾಂಕಿಗೆ ಡಿಗ್ರಿ ಗುರುತುಗಳಿರುವ ಡಿಸ್ಕ್ ಕಟ್ಟಿ 107ಕ್ಕೆ ಸರಿಯಾಗಿ ಕೂರಿಸಿದ್ದೆನಲ್ಲ!

ಮೈಸೂರಿನಿಂದ ಅಣ್ಣ ಫೋನ್ ಮಾಡಿದ್ದಾಗ ಇದನ್ನೆಲ್ಲ ಹೇಳಿಕೊಂಡೆ. "ಯೆಜ್ಡಿ ಬಿಚ್ಚಿ ಕಲಿತವನು ನೀನು. ಅದರಲ್ಲಿ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ. ಇದೆಲ್ಲ ನಿನಗೆ ಯಾಕೆ ಬೇಕಿತ್ತೋ?" ಎಂದ. ಟೂ ಸ್ಟ್ರೋಕಿನ ಸುಖವನ್ನು ನೆನೆಸಿಕೊಂಡು ಸುಮ್ಮನಾದೆ.

ಏಪ್ರಿಲ್ 6

ತಪ್ಪು ಸಿಕ್ಕಿತು, ಅದೂ ನಾಚಿಕೆಯಾಗುವಂಥ ಜಾಗದಲ್ಲಿ. ಪಕ್ಕದ ಬೀದಿಯಲ್ಲಿ ನಿವೃತ್ತ ಫಿಟ್ಟರ್ ಒಬ್ಬರಿದ್ದಾರೆ. ಅವರು ನನ್ನ ಟಿಪ್ಪಣಿ ಪುಸ್ತಕವನ್ನು ತಿರುವಿ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಟಿಡಿಸಿ ಎಲ್ಲಿದೆ ಅಂತ ನಿಮಗೆ ಹೇಳಿದ್ದು ಯಾರು?" ಪುಲ್ಲಿಯ ಮೇಲಿನ ಗುರುತು ಎಂದೆ. ಅವರು ಪುಸ್ತಕ ಮುಚ್ಚಿ ಕೈಗೆ ಕೊಟ್ಟರು.

ಈ ಇಂಜಿನ್ನಿನ ಮುಂಭಾಗದ ಪುಲ್ಲಿ ಒಂದೇ ತುಂಡಿನದಲ್ಲ. ಕ್ರ್ಯಾಂಕಿನ ಅದುರುವಿಕೆಯನ್ನು ಹೀರಿಕೊಳ್ಳಲೆಂದು ಒಳಗಿನ ಹಬ್ಬಿಗೂ ಹೊರಗಿನ ಭಾರವಾದ ಬಳೆಗೂ ನಡುವೆ ರಬ್ಬರ್ ಅಂಟಿಸಿರುತ್ತಾರೆ, ಟೈಮಿಂಗ್ ಗುರುತು ಇರುವುದು ಹೊರಬಳೆಯ ಮೇಲೆ. ಐವತ್ತು ವರ್ಷದ ಹಳೆಯ ರಬ್ಬರ್ ಎಣ್ಣೆ ಕುಡಿದು ಸಡಿಲವಾದರೆ ಬಳೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಅದರ ಜೊತೆಗೆ ಗುರುತೂ ಜಾರುತ್ತದೆ.

ಪರೀಕ್ಷೆ ಸರಳವಾದದ್ದೇ. ಹಳೆಯ ಸ್ಪಾರ್ಕ್ ಪ್ಲಗ್ ಒಂದರ ಪಿಂಗಾಣಿ ಒಡೆದು, ಒಳಗೆ ಉಕ್ಕಿನ ಬೋಲ್ಟ್ ಕೂರಿಸಿ, ತುದಿಯನ್ನು ಗುಂಡಗೆ ಉಜ್ಜಿ ಪಿಸ್ಟನ್ನಿಗೆ ತಡೆ ಮಾಡಿಕೊಂಡೆ. ಆರೂ ಪ್ಲಗ್ ಬಿಚ್ಚಿ, ಒಂದನೆಯ ಸಿಲಿಂಡರಿನ ರಾಕರ್‌ಗಳನ್ನು ಸಡಿಲಿಸಿ, ತಡೆಯನ್ನು ಅದರ ಪ್ಲಗ್ ರಂಧ್ರಕ್ಕೆ ತಿರುಗಿಸಿದೆ. ಪ್ಲಗ್ ಓರೆಯಾಗಿ ಕೂರುವುದರಿಂದ ತಡೆಯೂ ಪಿಸ್ಟನ್ನನ್ನು ಓರೆಯಾಗಿಯೇ ಮುಟ್ಟುತ್ತದೆ. ಹಾಗಾಗಿ ಕೈಯಿಂದ ಮಾತ್ರ, ಮೆಲ್ಲಗೆ ತಿರುಗಿಸಬೇಕು. ಸ್ಟಾರ್ಟರ್ ಕೀ ಜೇಬಿನಲ್ಲೇ ಇರಬೇಕು. ಡಿಸ್ಕನ್ನು ಪುಲ್ಲಿಯ ಗುರುತಿನ ಪ್ರಕಾರ ಸೊನ್ನೆಗೆ ಹೊಂದಿಸಿ ಮುಂದಕ್ಕೆ ತಿರುಗಿಸಿದಾಗ ಸೊನ್ನೆಗೆ 50 ಡಿಗ್ರಿ ಮೊದಲೇ ಪಿಸ್ಟನ್ 'ಟಕ್' ಎಂದು ತಡೆಗೆ ತಾಗಿತು. ಹಿಂದಕ್ಕೆ ತಿರುಗಿಸಿದಾಗ ಸೊನ್ನೆ ಕಳೆದ 34 ಡಿಗ್ರಿಗೆ ತಾಗಿತು. ಗುರುತು ನಿಜವಾಗಿದ್ದರೆ ಎರಡೂ ಅಂಕಿ ಒಂದೇ ಇರಬೇಕಿತ್ತು. ವ್ಯತ್ಯಾಸ 16, ಅದರ ಅರ್ಧ 8. ನಿಜವಾದ ಟಿಡಿಸಿ ಗುರುತಿಗಿಂತ 8 ಡಿಗ್ರಿ ಮೊದಲೇ ಆಗಿಹೋಗುತ್ತಿತ್ತು. ನಂಬಲಾಗದೆ ಮೂರು ಸಲ ಮಾಡಿದೆ, ಮೂರು ಸಲವೂ ಅದೇ.

ಅಂದರೆ ನಾನು 107 ಎಂದು ಬರೆದುಕೊಂಡದ್ದು ವಾಸ್ತವದಲ್ಲಿ 115. ಇಗ್ನಿಷನ್ನನ್ನೂ ಅದೇ ಗುರುತಿಗೆ 11 ಡಿಗ್ರಿ ಮುಂಚಿತವಾಗಿ ಇಟ್ಟಿದ್ದೆ. ಅದು ನಿಜಕ್ಕೂ ಬರೀ 3 ಡಿಗ್ರಿ. ಕ್ಯಾಮೂ ತಡ, ಕಿಡಿಯೂ ತಡ. ಹಳೆಯ ಸೌಮ್ಯ ಕ್ಯಾಮ್ ಇದ್ದಾಗ ಕಾರು ಮಂಕಾಗಿ ಓಡುತ್ತಿದ್ದುದಕ್ಕೂ ಭಾಗಶಃ ಇದೇ ಕಾರಣವಿದ್ದಿರಬೇಕು. ಹಾಗಿದ್ದರೆ ಮೊದಲು ಪುಲ್ಲಿ ಬದಲಿಸಿದ್ದರೆ ಕ್ಯಾಮ್‌ನ ಹಣವೇ ಉಳಿಯುತ್ತಿತ್ತೋ ಏನೋ! ಆ ಲೆಕ್ಕವನ್ನು ಮನೆಯಾಕೆಯ ಮುಂದೆ ಎತ್ತಿಲ್ಲ.

ಏಪ್ರಿಲ್ 21

ರೇಡಿಯೇಟರ್ ಇಳಿಸಿ, ಸ್ಟೀರಿಂಗ್ ರ್ಯಾಕನ್ನು ಸಡಿಲಿಸಿ ಮುಂದಕ್ಕೆ ಸರಿಸಿ, ಪುಲ್ಲಿ ಎಳೆದು, ಟೈಮಿಂಗ್ ಕವರ್ ಬಿಚ್ಚಿದೆ. ಎರಡು ಶನಿವಾರಗಳ ಕೆಲಸ, ಹೇಳಿಕೊಳ್ಳುವಂಥದ್ದೇನಿಲ್ಲ. ಹೇಳಿಕೊಳ್ಳಬೇಕಾದದ್ದು ಕ್ಯಾಮನ್ನು ತಿರುಗಿಸುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಬಗ್ಗೆ. ಟ್ರಯಂಫಿನವರು ಇದರಲ್ಲಿ ಎರಡು ಬೋಲ್ಟ್‌ಗಳಿಗೆ ನಾಲ್ಕು ರಂಧ್ರ ಕೊರೆದಿದ್ದಾರೆ, ಅದೂ ಹಲ್ಲುಗಳಿಗೆ ನೇರವಾಗಿ ಅಲ್ಲದೆ ತುಸು ಪಕ್ಕಕ್ಕೆ. ಸ್ಪ್ರಾಕೆಟ್ಟನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ಟೈಮಿಂಗ್ ಅರ್ಧ ಹಲ್ಲಿನಷ್ಟು ಸರಿಯುತ್ತದೆ. ಹಿಂದು ಮುಂದಾಗಿ ಕೂರಿಸಿದರೆ ಕಾಲು ಹಲ್ಲು. ಎರಡನ್ನೂ ಮಾಡಿದರೆ ಮುಕ್ಕಾಲು. ನವಿರಾಗಿ ಹೊಂದಿಸಬಹುದಾದ ದುಬಾರಿ ವರ್ನಿಯರ್ ಸ್ಪ್ರಾಕೆಟ್ಟಿನ ಕೆಲಸವನ್ನು ನಾಲ್ಕು ರಂಧ್ರಗಳಲ್ಲಿ ಮುಗಿಸಿದ ಜಾಣತನ ಇದು.

ಅರ್ಧ ಹಲ್ಲು ಮುಂದಕ್ಕೆ ಸರಿಸಿದೆ. ಈ ಸಲ ಡಿಸ್ಕನ್ನು ತಡೆಯಿಂದ ಸಿಕ್ಕ ಟಿಡಿಸಿಗೇ ಹೊಂದಿಸಿ, ಡಯಲ್ ಗೇಜನ್ನು ಮುಂದಿನಿಂದ ಎರಡನೆಯದಾದ, ಒಂದನೆಯ ಸಿಲಿಂಡರಿನ ಇನ್‌ಲೆಟ್ ವಾಲ್ವಿನ ಮೇಲಿಟ್ಟೆ. ವಾಲ್ವ್ ಪೂರ್ಣ ಎತ್ತರದಲ್ಲಿ ಕೆಲವು ಡಿಗ್ರಿಗಳಷ್ಟು ಕಾಲ ಅಲುಗಾಡದಂತೆ ನಿಲ್ಲುವುದರಿಂದ ತುದಿಯನ್ನು ನೇರವಾಗಿ ಓದಲು ಹೋಗಬಾರದು. ತುದಿಗಿಂತ 10 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಕೆಳಗೆ, ಏರುವಾಗ ಒಮ್ಮೆ ಮತ್ತು ಇಳಿಯುವಾಗ ಒಮ್ಮೆ ಡಿಗ್ರಿ ಬರೆದುಕೊಂಡು ಅವುಗಳ ನಡುವಣ ಅಂಕಿಯನ್ನು ತೆಗೆದುಕೊಳ್ಳಬೇಕು. ಸಿಕ್ಕಿದ್ದು 106. ಕ್ಯಾಮ್ ಮುಂದೆ ಸರಿದಾಗ ಇನ್‌ಲೆಟ್ ವಾಲ್ವ್ ಪಿಸ್ಟನ್ನಿಗೆ ಇನ್ನಷ್ಟು ಹತ್ತಿರವಾಗುವುದರಿಂದ ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಎಲ್ಲಿಯೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡೆ. ರಬ್ಬರ್ ಹೊಸದಾಗಿ ಕಟ್ಟಿಸಿದ ಪುಲ್ಲಿ ಹಾಕಿದೆ, ಹೊರಬಳೆಗೂ ಹಬ್ಬಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ ಎಳೆದಿದ್ದೇನೆ. ಇನ್ನು ಜಾರಿದರೆ ಗೆರೆ ಮುರಿಯುತ್ತದೆ.

ಕಂಪ್ರೆಷನ್ ಈಗ 148. ಪಿಕಪ್ 1,800ರಿಂದಲೇ ಬಂತು, ಎತ್ತಿನಗಾಡಿ ಮಾಯವಾಯಿತು. ಆದರೆ ಐಡ್ಲಿಂಗಿನಲ್ಲಿ ಹೊಗೆ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಮೇ 4

ಉಳಿದ ಹೊಗೆಗೆ ಕ್ಯಾಮ್ ಕಾರಣವೂ ಹೌದು, ಅಲ್ಲವೂ ಹೌದು. ಇದಕ್ಕೆ ಪೆಟ್ರೋಲನ್ನು ಅಳೆದು ಹಂಚುವ ಮೀಟರಿಂಗ್ ಯೂನಿಟ್ಟಿನ ಒಳಗನ್ನು ತುಸು ವಿವರಿಸಬೇಕು. ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ. ಇಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವ ರೋಟರಿನೊಳಗೆ ಒಂದು ಪುಟ್ಟ ಷಟಲ್ ಎರಡು ತಡೆಗಳ ನಡುವೆ ಅತ್ತಿತ್ತ ಓಡುತ್ತಿರುತ್ತದೆ. ಪೆಟ್ರೋಲಿನ ಒತ್ತಡವೇ ಅದನ್ನು ತಳ್ಳುತ್ತದೆ, ಪ್ರತಿ ಓಟಕ್ಕೂ ಅದು ಒಂದು ಇಂಜೆಕ್ಟರಿಗೆ ಅಳೆದ ಪೆಟ್ರೋಲನ್ನು ದೂಡುತ್ತದೆ. ಒಂದು ತಡೆ ಸ್ಥಿರವಾದದ್ದು. ಇನ್ನೊಂದು ತಡೆಯನ್ನು ಸರಿಸುವುದು ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಯ) ವ್ಯಾಕ್ಯೂಮ್ ಎಳೆಯುವ ಒಂದು ಡಯಾಫ್ರಮ್, ಅಂದರೆ ತೆಳುಪೊರೆ. ವ್ಯಾಕ್ಯೂಮ್ ಹೆಚ್ಚಿದ್ದರೆ ಷಟಲ್ಲಿನ ಓಟ ಚಿಕ್ಕದು, ಪೆಟ್ರೋಲ್ ಕಡಿಮೆ. ವ್ಯಾಕ್ಯೂಮ್ ಇಳಿದರೆ ಚಾಲಕ ಆಕ್ಸಿಲರೇಟರ್ ಒತ್ತಿದ್ದಾನೆಂದೇ ಅದು ತಿಳಿದು ಧಾರಾಳವಾಗಿ ಸುರಿಯುತ್ತದೆ.

ಹಳೆಯ ಕ್ಯಾಮ್ ಇದ್ದಾಗಿನ ನನ್ನ ಟಿಪ್ಪಣಿಯಲ್ಲಿ ಐಡ್ಲಿಂಗಿನ ವ್ಯಾಕ್ಯೂಮ್ ಪಾದರಸದ 10 ಇಂಚು ಎಂದಿದೆ. ಹೊಸ ಕ್ಯಾಮ್ ತಪ್ಪು ಟೈಮಿಂಗಿನಲ್ಲಿ ಕೊಟ್ಟದ್ದು 4, ಸರಿಪಡಿಸಿದ ಮೇಲೆ 6.5. ಅತಿವ್ಯಾಪ್ತಿ ದೊಡ್ಡದಿರುವ ಕ್ಯಾಮ್‌ಗೆ ಇದು ಸಹಜ. ಆದರೆ ಈ 1973ರ ಯೂನಿಟ್ಟನ್ನು ಸೌಮ್ಯ ಕ್ಯಾಮ್‌ಗೆಂದು ಅಳತೆ ಮಾಡಿ ಕಳಿಸಿದ್ದಾರೆ. ಅದರ ಲೆಕ್ಕದಲ್ಲಿ 6.5 ಎಂದರೆ ಕಾರು ಏರು ಹತ್ತುತ್ತಿದೆ.

ಊಹೆಯನ್ನು ಸಾಬೀತುಪಡಿಸಲು ಬ್ರೇಕ್ ಬ್ಲೀಡ್ ಮಾಡುವ ಕೈ ವ್ಯಾಕ್ಯೂಮ್ ಪಂಪನ್ನೇ ಬಳಸಿದೆ. ಯೂನಿಟ್ಟಿನ ಹೋಸ್ ಕಳಚಿ, ಮ್ಯಾನಿಫೋಲ್ಡ್ ಕಡೆಯ ಬಾಯಿಗೆ ಬಿರಡೆ ಹಾಕಿ, ಯೂನಿಟ್ಟಿಗೆ ಕೈಪಂಪ್ ಜೋಡಿಸಿದೆ. ಮುಳ್ಳು 6, 7, 8 ಎಂದು ಏರುತ್ತಿದ್ದಂತೆ ಸೈಲೆನ್ಸರಿನ ಗದ್ಗದ ಕಡಿಮೆಯಾಗುತ್ತ ಬಂತು. 9.5ಕ್ಕೆ ಬರುವಷ್ಟರಲ್ಲಿ ಹೊಗೆ ನಿಂತು, ವೇಗ ತಾನಾಗಿಯೇ 150 ಸುತ್ತು ಏರಿತು. ಪಂಪಿನ ಗುಂಡಿ ಒತ್ತಿ ಗಾಳಿ ಬಿಟ್ಟೆ; ಎರಡೇ ಕ್ಷಣದಲ್ಲಿ ಮತ್ತೆ ಕೆಮ್ಮು, ಮತ್ತೆ ಹೊಗೆ. ಇಡೀ ಮೂರು ತಿಂಗಳಲ್ಲಿ ನನಗೆ ನಿಜವಾದ ಸಂತೋಷ ಕೊಟ್ಟ ಗಳಿಗೆ ಅದು. ಸೈಲೆನ್ಸರಿಗೆ ಜೋಡಿಸಿದ್ದ ಆಮ್ಲಜನಕ ಮಾಪಕವೂ 10.5ರಿಂದ 13ಕ್ಕೆ ಹೋಗಿ ಮರಳಿತು (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಎಂಬ ಅಂಕಿ ಇದು; ಇಳಿದಷ್ಟೂ ಮಿಶ್ರಣ ದಟ್ಟ). ಅತಿವ್ಯಾಪ್ತಿ ಹೆಚ್ಚಿದ್ದಾಗ ಉರಿಯದ ಗಾಳಿಯೂ ಹೊರಹೋಗುವುದರಿಂದ ಐಡ್ಲಿಂಗಿನಲ್ಲಿ ಈ ಮಾಪಕ ಇರುವುದಕ್ಕಿಂತ ತೆಳುವಾಗಿ ತೋರಿಸುವುದುಂಟು, ಹಾಗಿದ್ದೂ 10.5 ತೋರಿಸಿದೆಯೆಂದರೆ ಮಿಶ್ರಣ ನಿಜಕ್ಕೂ ವಿಪರೀತ ದಟ್ಟವಾಗಿತ್ತು.

ಇಲ್ಲಿ ಅಡ್ಡದಾರಿಯೊಂದಿದೆ. ಯೂನಿಟ್ಟಿನ ಗರಿಷ್ಠ ಪೆಟ್ರೋಲಿನ ಮಿತಿಯನ್ನು ಇಳಿಸಿಬಿಟ್ಟರೆ ಐಡ್ಲಿಂಗ್ ಸ್ವಚ್ಛವಾಗುತ್ತದೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಲೂ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುವ ಅಪಾಯವಿದೆ. ಬದಲಿಸಬೇಕಾದದ್ದು ಡಯಾಫ್ರಮ್ಮಿಗೆ ಎದುರಾಗಿ ನಿಂತ ಸ್ಪ್ರಿಂಗುಗಳನ್ನು. ಎಲ್ಲವನ್ನೂ ಕಿತ್ತು ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕು ಎಂದು ಇಬ್ಬರು ಗೆಳೆಯರು ಸಲಹೆ ಕೊಟ್ಟರು. ಹಾಗೆ ಮಾಡಿದರೆ ಕಾರು ಚೆನ್ನಾಗಿಯೇ ಓಡುತ್ತದೆ, ಆದರೆ ನನಗೆ ಬೇಕಾದದ್ದು ಈ ಷಟಲ್ ಓಡುವ ಕಾರು.

ಜೂನ್ 8

ಯೂನಿಟ್ಟನ್ನು ಪರೀಕ್ಷಾ ಬೆಂಚ್ ಇರುವ ವರ್ಕ್‌ಶಾಪಿಗೆ ಕಳಿಸಿದ್ದೆ, ನನ್ನ ವ್ಯಾಕ್ಯೂಮ್ ಅಂಕಿಗಳ ಹಾಳೆಯನ್ನೂ ಜೊತೆಗಿಟ್ಟು. ಸ್ಪ್ರಿಂಗ್ ಬದಲಾಗಿ, ಹೊಸ ಸೀಲುಗಳೊಂದಿಗೆ ಹಿಂದಿನ ವಾರ ಮರಳಿತು. ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಮೂರು ಜೋಡಿ ಥ್ರಾಟಲ್ ಬಾಡಿಗಳನ್ನು ಗಾಳಿಮಾಪಕ ಹಿಡಿದು ಸಮಗೊಳಿಸಿದೆ. ಇದನ್ನು ಮೊದಲೇ ಮಾಡುವುದು ದಂಡ. ಕ್ಯಾಮ್ ಮತ್ತು ಮಿಶ್ರಣ ಸರಿಯಾಗುವ ತನಕ ಸಮತೋಲನ ನಿಲ್ಲುವುದಿಲ್ಲ.

ಈಗ ಐಡ್ಲಿಂಗ್ 900ರಲ್ಲಿ ನಿಂತಿದೆ, ಸ್ವಲ್ಪ ತೂಗಾಡುತ್ತದೆ, ಮಾಪಕ 12.8. ಗಂಟೆಗೆ 60 ಮೈಲಿಯ ಸಮವೇಗದಲ್ಲಿ 13.8, ಪೂರ್ತಿ ಒತ್ತಿದಾಗ 12.6. ಪ್ಲಗ್‌ಗಳು ಕಂದು ಬಣ್ಣಕ್ಕೆ ತಿರುಗಿವೆ, ಐದನೆಯದೊಂದನ್ನು ಬಿಟ್ಟು. ಅದರ ತುದಿಯಲ್ಲಿ ಇನ್ನೂ ಮಸಿಯಿದೆ, ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ 2,200ರ ಸುಮಾರಿಗೆ ಒಂದು ಸಣ್ಣ ಕೆಮ್ಮೂ ಇದೆ. ಐದನೆಯ ಮತ್ತು ಎರಡನೆಯ ಇಂಜೆಕ್ಟರುಗಳನ್ನು ಅದಲು ಬದಲು ಮಾಡಿಟ್ಟಿದ್ದೇನೆ. ಮಸಿ ಎರಡಕ್ಕೆ ಹೋದರೆ ಇಂಜೆಕ್ಟರಿನ ತಪ್ಪು, ಐದರಲ್ಲೇ ಉಳಿದರೆ ಥ್ರಾಟಲ್ ಸ್ಪಿಂಡಲ್ಲನ್ನೋ ವಾಲ್ವ್ ಗೈಡನ್ನೋ ನೋಡಬೇಕು. ಇನ್ನೂರು ಮೈಲಿ ಓಡಿಸಿ ಪ್ಲಗ್ ಬಿಚ್ಚಿದ ಮೇಲೆ ಬರೆಯುತ್ತೇನೆ.