ಸಕ್ಕರೆಯಿಲ್ಲದ ಮಾರ್ಷ್‌ಮೆಲೋ ತೀರಾ ಚೆನ್ನಾಗಿ ಬಂದಾಗ

ಸ್ಟೋರ್ಸ್‌ನಿಂದ ಸಾಮಾನು ತರಿಸಲು ಬರೆಯುವ ಇಂಡೆಂಟ್ ಪುಸ್ತಕದಲ್ಲಿ ‘ಶುಗರ್ ಫ್ರೀ ಪುಡಿ, 1 ಕೆಜಿ’ ಎಂದು ಬರೆಯುವ ಪದ್ಧತಿ ನಿಲ್ಲಬೇಕೆಂದು ನಾನು ಈಗಲೂ ಜಗಳವಾಡುತ್ತಿದ್ದೇನೆ. ಯಾವ ಪುಡಿ ಎಂದು ಬರೆಯದಿದ್ದರೆ ಸ್ಟೋರ್ಸ್‌ನವರು ಕೊಟ್ಟದ್ದೇ ಸರಿಯಾದ ಪುಡಿ. ಅವರನ್ನು ದೂರಲು ದಾರಿಯೇ ಇಲ್ಲ. ಕೋಪ ಬರುವುದೂ ಅದಕ್ಕೇ.

ಗೋಕರ್ಣದ ಕಡೆಯ ಒಂದು ರಿಸಾರ್ಟ್‌ನಲ್ಲಿ ಬೇಕರಿ ಸೆಕ್ಷನ್ ನನ್ನ ಜವಾಬ್ದಾರಿ. ಡಿಸೆಂಬರ್ ಕೊನೆಯ ವಾರ, ಒಂದೂ ಕೋಣೆ ಖಾಲಿಯಿಲ್ಲ. ಬೆಳಗಾವಿಯಿಂದ ಮೂರು ತಲೆಮಾರಿನ ಒಂದು ಕುಟುಂಬ ಬಂದಿತ್ತು. ಎಫ್‌ಪಿಯಲ್ಲಿ (ಕಾರ್ಯಕ್ರಮದ ವಿವರ ಬರೆದು ಅಡುಗೆಮನೆಗೆ ಕಳಿಸುವ ಹಾಳೆ) ಸೇಲ್ಸ್‌ನವರು ‘ರಾತ್ರಿ 7.30ಕ್ಕೆ ಕ್ಯಾಂಪ್‌ಫೈರ್, ಮಕ್ಕಳಿಗೆ ಮಾರ್ಷ್‌ಮೆಲೋ, ಅಜ್ಜನವರಿಗೆ ಶುಗರ್ ಫ್ರೀ’ ಎಂದಷ್ಟೇ ಬರೆದಿದ್ದರು. ಅಜ್ಜನವರಿಗೆ ಟೈಪ್ 2 ಮಧುಮೇಹವಿದೆ, ವೈದ್ಯರ ಸಲಹೆಯಂತೆ ಲೋ ಕಾರ್ಬ್ ಊಟ ಮಾಡುತ್ತಾರೆ, ತೋಳಿಗೆ ಗ್ಲುಕೋಸ್ ಸೆನ್ಸರ್ ಹಾಕಿಕೊಂಡಿದ್ದಾರೆ ಎಂಬುದು ಅವರ ಮಗಳನ್ನು ವಿಚಾರಿಸಿದ ಮೇಲೆ ತಿಳಿಯಿತು. ಮೊಮ್ಮಕ್ಕಳ ಜೊತೆ ಬೆಂಕಿಯ ಸುತ್ತ ಕುಳಿತು ತಾವೂ ಒಂದು ಮಾರ್ಷ್‌ಮೆಲೋ (ನೊರೆಯಂತೆ ಮೃದುವಾದ, ಕಡ್ಡಿಗೆ ಚುಚ್ಚಿ ಸುಡುವ ಮಿಠಾಯಿ) ತಿನ್ನಬೇಕೆಂಬುದು ಅವರ ಆಸೆ. ಜೆಲಾಟಿನ್ ಪ್ರಾಣಿಜನ್ಯ, ನಡೆಯುತ್ತದೆಯೇ ಎಂದೂ ಆಗಲೇ ಕೇಳಿಕೊಂಡೆ. ಮೀನು ಮಾಂಸ ತಿನ್ನುವ ಮನೆ, ತೊಂದರೆಯಿಲ್ಲ ಎಂದರು. ನಮ್ಮ ಶಿರಸಿ ಕಡೆಯ ಅತಿಥಿಗಳಲ್ಲಿ ಇದನ್ನು ಕೇಳದೆ ಮುಂದಕ್ಕೆ ಹೋಗುವಂತೆಯೇ ಇಲ್ಲ. ಜೆಲಾಟಿನ್ ಬದಲು ಕಡಲಪಾಚಿಯಿಂದ ಮಾಡುವ ಚೈನಾ ಗ್ರಾಸ್ ಹಾಕಿದರೆ ಆಗದೇ ಎಂದು ಹಲವರು ಕೇಳುತ್ತಾರೆ. ಅದು 40 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗಿಬಿಡುತ್ತದೆ, ನೊರೆ ಏಳಲು ಸಮಯವೇ ಸಿಗುವುದಿಲ್ಲ. ಬರುವುದು ಕಚ್ಚಿದರೆ ಮುರಿಯುವ ಜೆಲ್ಲಿ, ಎಳೆದರೆ ಹಿಗ್ಗುವ ಮಾರ್ಷ್‌ಮೆಲೋ ಅಲ್ಲ.

ಬ್ರೀಫಿಂಗ್‌ನಲ್ಲಿ ಶೆಫ್ ನನ್ನ ಕಡೆ ನೋಡಿದರು, ನಾನು ಒಪ್ಪಿಕೊಂಡೆ. ಕುಮಟಾದ ಮನೆಯಲ್ಲಿ ಅಮ್ಮನಿಗೂ ಇದೇ ಕಾಯಿಲೆ, ಅವರಿಗಾಗಿ ಇದನ್ನು ಮಾಡುತ್ತಲೇ ಬಂದಿದ್ದೇನೆ. ಮನೆಯ ಅಳತೆ ಹೀಗಿದೆ: 25 ಗ್ರಾಂ ಜೆಲಾಟಿನ್ 120 ಮಿಲಿ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಯಬೇಕು. ಇನ್ನೊಂದು 120 ಮಿಲಿ ನೀರಿನಲ್ಲಿ 160 ಗ್ರಾಂ ಪುಡಿ ಮಾಡಿದ ಎರಿಥ್ರಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿ) ಮತ್ತು ಚಿಟಿಕೆ ಉಪ್ಪು ಹಾಕಿ ಕರಗಿಸಿ, ಕುದಿ ನಿಂತ ಮೇಲೆ ಜೆಲಾಟಿನ್‌ಗೆ ಸುರಿದು ಬೀಟರ್ ಹಿಡಿಯಬೇಕು. ಜೆಲಾಟಿನ್ ಕುದಿದರೆ ಅದರ ಹಿಡಿತ ಕುಗ್ಗುತ್ತದೆ, ಆದ್ದರಿಂದ ಅದನ್ನು ಒಲೆಯ ಮೇಲೆ ಇಡುವುದೇ ಇಲ್ಲ. ಸಕ್ಕರೆಯ ಮಾರ್ಷ್‌ಮೆಲೋಗೆ ಪಾಕವನ್ನು 115 ಡಿಗ್ರಿಗೆ ತರುವ ಕಷ್ಟ ಇಲ್ಲಿಲ್ಲ. ಹತ್ತು ಹನ್ನೆರಡು ನಿಮಿಷ ಬೀಟ್ ಮಾಡಿದರೆ ರಿಬ್ಬನ್ ಬರುತ್ತದೆ, ಅಂದರೆ ಬೀಟರ್ ಎತ್ತಿದಾಗ ನೊರೆ ಪಟ್ಟಿಯಂತೆ ದಪ್ಪಗೆ ಇಳಿಯುವ ಹದ. ಆಮೇಲೆ ವೆನಿಲಾ, ಟ್ರೇ, ನಾಲ್ಕು ಗಂಟೆ ಕಾಯುವುದು. ಹೊರಗೆ ಸವರಲು ಕಾರ್ನ್‌ಫ್ಲೋರ್ ಬಳಸಿದರೆ ಪಥ್ಯವೇ ಕೆಟ್ಟಿತು, ಅದು ಬಹುಪಾಲು ಪಿಷ್ಟ. ನಾನು ನುಣ್ಣಗೆ ತುರಿದ ಒಣಕೊಬ್ಬರಿಯನ್ನು ಬಂಗಾರದ ಬಣ್ಣಕ್ಕೆ ಹುರಿದು ಹೊರಳಿಸುತ್ತೇನೆ. ಕೆಲವರು ಹಣ್ಣಿನ ರಸ ಸೇರಿಸಲು ಹೋಗುತ್ತಾರೆ. ಬನವಾಸಿಯ ಅನಾನಸ್ ಎಷ್ಟೇ ಚೆನ್ನಾಗಿರಲಿ, ಹಸಿಯಾಗಿ ಹಾಕಿದರೆ ಅದರ ಕಿಣ್ವ ಜೆಲಾಟಿನ್ ಅನ್ನು ಕತ್ತರಿಸಿಬಿಡುತ್ತದೆ, ಟ್ರೇ ಗಟ್ಟಿಯಾಗುವುದೇ ಇಲ್ಲ. ಮುರುಗಲಿನ ಕೆಂಪು ಕಣ್ಣಿಗೆ ಚಂದ, ಆದರೆ ಅಷ್ಟು ಹುಳಿಯೂ ಜೆಲಾಟಿನ್‌ಗೆ ಒಳ್ಳೆಯದಲ್ಲ. ಬೇಕಿದ್ದರೆ ಪಕ್ಕದಲ್ಲಿ ಸಾಸ್ ಆಗಿ ಇಡಬೇಕು.

ಕ್ಸೈಲಿಟಾಲ್ ಎಂಬ ಇನ್ನೊಂದು ಸಿಹಿ ಪುಡಿ ತರಿಸೋಣವೇ ಎಂದು ಶೆಫ್ ಕೇಳಿದ್ದರು. ಬೇಡವೆಂದು ಹಟ ಹಿಡಿದೆ. ನಾಯಿಗಳಿಗೆ ಕ್ಸೈಲಿಟಾಲ್ ವಿಷ. ಸ್ವಲ್ಪವೇ ತಿಂದರೂ ಅವುಗಳ ರಕ್ತದ ಸಕ್ಕರೆ ಕುಸಿಯುತ್ತದೆ. ನಮ್ಮ ಕಡಲ ದಂಡೆಯ ನಾಯಿಗಳು ಕ್ಯಾಂಪ್‌ಫೈರ್ ಎಂದರೆ ಮೊದಲೇ ಬಂದು ಕೂರುತ್ತವೆ, ಮಕ್ಕಳು ಅವಕ್ಕೆ ಎಸೆಯದೆ ಬಿಡುವುದಿಲ್ಲ. ಈ ಒಂದು ವಿಷಯದಲ್ಲಿ ನನಗೆ ಯಾರ ವಾದವೂ ಬೇಡ.

ಬೆಳಿಗ್ಗೆ ಕೇಕ್‌ಗಳ ಒತ್ತಡವಿತ್ತು. ಮಿಸ್ (ಕೆಲಸಕ್ಕೆ ಬೇಕಾದ ಪೂರ್ವತಯಾರಿ) ಮಾಡಿಟ್ಟು, ಅಳತೆ ಬರೆದುಕೊಟ್ಟು, ಅಂಕೋಲಾದ ನಮ್ಮ ಕಮಿ (ಕಿರಿಯ ಅಡುಗೆಯವ) ಹುಡುಗನಿಗೆ ಎರಡು ಪಟ್ಟು ಬ್ಯಾಚ್ ಮಾಡಲು ಹೇಳಿದೆ. ನಮ್ಮಲ್ಲಿ ಇರುವುದು 20 ಲೀಟರ್‌ನ ಮಿಕ್ಸರ್. ಅದರಲ್ಲಿ ಒಂದು ಪಟ್ಟಿನ ಬ್ಯಾಚ್‌ಗೆ ವಿಸ್ಕ್ ತಲುಪುವುದೇ ಇಲ್ಲ, ಬೇಕಿರಲಿ ಬೇಡವಿರಲಿ ಹೆಚ್ಚು ಮಾಡಲೇಬೇಕು. 5 ಲೀಟರ್‌ನ ಒಂದು ಸಣ್ಣ ಮಿಕ್ಸರ್ ಕೊಡಿ ಎಂದು ಕೇಳುತ್ತಲೇ ಇದ್ದೇವೆ. ಲಾಬಿಯ ಹೂಕುಂಡ ಬದಲಾಯಿಸಲು ಹಣ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ.

ಸಂಜೆ 5 ಗಂಟೆಗೆ ಟ್ರೇ ತೆಗೆದು ಕತ್ತರಿಸಿದೆ. ಚಾಕು ಇಳಿದಲ್ಲೆಲ್ಲ ನೇರ ಅಂಚು. ಬೆರಳಿನಿಂದ ಒತ್ತಿ ಬಿಟ್ಟರೆ ಮೇಲೆದ್ದು ಬರುತ್ತಿತ್ತು. ಅಚ್ಚ ಬಿಳುಪು, ಒಳಗೆ ಒಂದು ಹರಳಿಲ್ಲ. ಶೆಫ್ ಬಂದು ಒಂದು ತಿಂದು, “ಇದನ್ನು ಮೆನುವಿಗೇ ಹಾಕಬಹುದು” ಎಂದರು. ಕಮಿ ಹುಡುಗನ ಮುಖ ಅರಳಿತು. ಆ ವಾರ ಹೊಸ ಜೆಲಾಟಿನ್ ಬಂದಿತ್ತು, 250 ಬ್ಲೂಮ್ (ಜೆಲಾಟಿನ್ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ). ಇದೆಲ್ಲ ಅದರ ಗುಣ ಎಂದು ನಾನು ತೀರ್ಮಾನಿಸಿದೆ. ಮನೆಯಲ್ಲಿ ಬಳಸುವುದು ಕುಮಟಾದ ಅಂಗಡಿಯ ಸಾಧಾರಣ ಪೊಟ್ಟಣ. ಸಾಮಗ್ರಿ ಉತ್ತಮವಾದರೆ ಫಲವೂ ಉತ್ತಮವಾಗುತ್ತದೆ ಎಂಬ ತರ್ಕ ನನಗೆ ಪೂರ್ತಿ ಒಪ್ಪಿಗೆಯಾಗಿತ್ತು. ಟ್ರೇಯನ್ನು ಕೊಬ್ಬರಿಯಲ್ಲಿ ಹೊರಳಿಸಲು ಹೇಳಿ, ಒಂದು ತುಂಡನ್ನು ಕಡ್ಡಿಗೆ ಚುಚ್ಚಿ ಗ್ಯಾಸ್ ಉರಿಯ ಮೇಲೆ ಹಿಡಿದೆ. ಬಣ್ಣವೇ ಬರಲಿಲ್ಲ. ಕ್ಷಣದಲ್ಲಿ ಕರಗಿ ಕಡ್ಡಿಯಿಂದ ಜಾರಿ ಬರ್ನರ್ ಮೇಲೆ ಬಿತ್ತು. ಅದು ನಿರೀಕ್ಷಿತವೇ. ಜೆಲಾಟಿನ್ ನಮ್ಮ ಮೈಬಿಸಿಗೇ ಕರಗುವ ವಸ್ತು. ಸಕ್ಕರೆಯ ಮಾರ್ಷ್‌ಮೆಲೋದಲ್ಲಿ ದಪ್ಪ ಪಾಕ ಅದನ್ನು ಹಿಡಿದಿಡುತ್ತದೆ, ಹೊರಮೈ ಕಂದಿ ಸಿಪ್ಪೆ ಕಟ್ಟುತ್ತದೆ. ಎರಿಥ್ರಿಟಾಲ್‌ನಂಥ ಸಕ್ಕರೆ ಆಲ್ಕೊಹಾಲ್‌ಗಳು ಹಾಗೆ ಕಂದುವುದಿಲ್ಲ. ಸೇಲ್ಸ್‌ನವರು ಕಡ್ಡಿಗೆ ಚುಚ್ಚಿ ಸುಡಬಹುದೆಂದು ಅತಿಥಿಗಳಿಗೆ ಮಾತು ಕೊಟ್ಟಿದ್ದು ಯಾರನ್ನು ಕೇಳಿ?

ಬರ್ನರ್ ಒರೆಸುತ್ತ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡೆ. ಏನೋ ಇಲ್ಲ ಅನ್ನಿಸಿತು. ಮತ್ತೊಂದು ತಿಂದೆ. ಸಿಹಿ ಇದೆ, ಮೃದು ಇದೆ. ಆದರೆ ನಾಲಿಗೆ ತಣ್ಣಗಾಗಲಿಲ್ಲ. ಎರಿಥ್ರಿಟಾಲ್ ಬಾಯಲ್ಲಿ ಕರಗುವಾಗ ಶಾಖ ಹೀರಿಕೊಳ್ಳುತ್ತದೆ, ಪೆಪ್ಪರ್‌ಮೆಂಟ್ ಚೀಪಿದ ಹಾಗೆ ಒಂದು ತಂಪು ಬರುತ್ತದೆ. ಅಮ್ಮ ಮೊದಲ ಸಲ ತಿಂದಾಗ “ಇದಕ್ಕೆ ಪುದೀನ ಹಾಕಿದ್ದೀಯಾ?” ಎಂದು ಕೇಳಿದ್ದರು. ಎರಿಥ್ರಿಟಾಲ್ ತಣ್ಣಗಾದಾಗ ಮತ್ತೆ ಹರಳುಗಟ್ಟುವುದೂ ಸಹಜ, ಸಕ್ಕರೆಯಷ್ಟು ಅದು ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. ನಾಲ್ಕು ಗಂಟೆ ತಣ್ಣಗೆ ಕೂತ ಟ್ರೇಯಲ್ಲಿ ಸಣ್ಣ ಮರಳಾದರೂ ಸಿಗಬೇಕಿತ್ತು. ಜೆಲಾಟಿನ್ ಎಷ್ಟೇ ಬ್ಲೂಮ್‌ನದಾಗಿರಲಿ, ಈ ಎರಡನ್ನೂ ಅಳಿಸಲಾರದು.

ಕಮಿ ಹುಡುಗನನ್ನು ಕರೆದೆ. “ಅಕ್ಕಾ, ಡಬ್ಬಿಯಲ್ಲಿದ್ದದ್ದು ಸಾಲುತ್ತಿರಲಿಲ್ಲ. ಸ್ಟೋರ್ಸ್‌ನಲ್ಲಿ ಶುಗರ್ ಫ್ರೀ ಪುಡಿ ಕೇಳಿದೆ, ಇದನ್ನು ಕೊಟ್ಟರು. ಪೂರ್ತಿ ಇದರಲ್ಲೇ ಮಾಡಿದೆ” ಎಂದ. ಪೊಟ್ಟಣ ತಿರುಗಿಸಿ ನೋಡಿದೆ. ಮಾಲ್ಟಿಟಾಲ್.

ಪೊಟ್ಟಣದ ಮೇಲೆ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಆಹಾರ ನಿಯಮದ ಪ್ರಕಾರ 100 ಗ್ರಾಂನಲ್ಲಿ 0.5 ಗ್ರಾಂಗಿಂತ ಹೆಚ್ಚು ಸಕ್ಕರೆ ಇಲ್ಲದಿದ್ದರೆ ಶುಗರ್ ಫ್ರೀ ಎನ್ನಬಹುದು. ಮಾಲ್ಟಿಟಾಲ್ ಸಕ್ಕರೆಯಲ್ಲ, ಸಕ್ಕರೆ ಆಲ್ಕೊಹಾಲ್. ಆದರೆ ಅದರ ಗ್ಲೈಸೆಮಿಕ್ ಸೂಚ್ಯಂಕ (ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದರ ಅಳತೆ) 35ರ ಸುತ್ತಮುತ್ತ ಇದೆ, ಎರಿಥ್ರಿಟಾಲ್‌ನದು ಸೊನ್ನೆ. ಗ್ರಾಂ ಒಂದಕ್ಕೆ ಮಾಲ್ಟಿಟಾಲ್ ಎರಡಕ್ಕೂ ಹೆಚ್ಚು ಕ್ಯಾಲೊರಿ ಕೊಡುತ್ತದೆ, ಎರಿಥ್ರಿಟಾಲ್ 0.2 ಮಾತ್ರ. ಎರಿಥ್ರಿಟಾಲ್‌ನ ಬಹುಭಾಗ ಸಣ್ಣ ಕರುಳಿನಲ್ಲೇ ಹೀರಲ್ಪಟ್ಟು ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. ಮಾಲ್ಟಿಟಾಲ್ ಒಂದಿಷ್ಟು ಗ್ಲುಕೋಸ್ ಆಗಿ ರಕ್ತ ಸೇರುತ್ತದೆ, ಉಳಿದದ್ದು ದೊಡ್ಡ ಕರುಳಿಗೆ ಹೋಗಿ ಹೊಟ್ಟೆ ಉಬ್ಬರಿಸುತ್ತದೆ, ಹೆಚ್ಚಾದರೆ ಭೇದಿ. ಅಂಗಡಿಯ ಶುಗರ್ ಫ್ರೀ ಮಿಠಾಯಿಗಳು ಅಷ್ಟು ನಯವಾಗಿರಲು ಕಾರಣವೂ ಅನೇಕ ಸಲ ಇದೇ ಮಾಲ್ಟಿಟಾಲ್, ಅದು ಸಕ್ಕರೆಯಂತೆಯೇ ನಡೆದುಕೊಳ್ಳುತ್ತದೆ.

ಗಂಟೆ 5.40. ಶೆಫ್‌ಗೆ ಹೇಳಿದೆ. ಅವರು ಪೊಟ್ಟಣ ನೋಡಿ, “ಎಫ್‌ಪಿಯಲ್ಲಿ ಶುಗರ್ ಫ್ರೀ ಎಂದಿದೆ, ಇದರಲ್ಲೂ ಶುಗರ್ ಫ್ರೀ ಎಂದಿದೆ. ಒಂದೆರಡು ತಿಂದರೆ ಏನಾಗುತ್ತದೆ?” ಎಂದರು. ಲೆಕ್ಕ ತೋರಿಸಿದೆ: 320 ಗ್ರಾಂ ಪುಡಿ, ಅರವತ್ತು ತುಂಡು, ತುಂಡಿಗೆ 5 ಗ್ರಾಂಗಿಂತ ಹೆಚ್ಚು. ಶುಗರ್ ಫ್ರೀ ಎಂದು ನಾವೇ ಕೈಗೆ ಕೊಟ್ಟರೆ ಯಾರೂ ಎರಡಕ್ಕೆ ನಿಲ್ಲಿಸುವುದಿಲ್ಲ. ಐದಾರು ತಿಂದರೆ 30 ಗ್ರಾಂ. ಅಜ್ಜನವರು ಊಟದ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದು ಹಿಡಿದಿರುತ್ತಾರೆ. “ಸರ್, ಇದು ಅವರಿಗೆ ಹೋಗುವುದು ಬೇಡ” ಎಂದೆ. ಶೆಫ್ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಂದೂವರೆ ಗಂಟೆಯಲ್ಲಿ ಏನು ಮಾಡುತ್ತೀರಿ?” ಎಂದು ಕೇಳಿದರು.

ಕೈಯಲ್ಲಿ ಇದ್ದದ್ದು ಡಬ್ಬಿಯ ತಳದ 80 ಗ್ರಾಂ ಎರಿಥ್ರಿಟಾಲ್. ಗಟ್ಟಿಯಾಗಲು ನಾಲ್ಕು ಗಂಟೆ ಇಲ್ಲ, ಉರಿಗೆ ಹಿಡಿದರೆ ನಿಲ್ಲುವುದೂ ಇಲ್ಲ. ಹಾಗಾದರೆ ಕತ್ತರಿಸುವುದೇಕೆ, ಕಡ್ಡಿಗೆ ಚುಚ್ಚುವುದೇಕೆ ಎಂದು ಹೊಳೆದಿದ್ದು ಆಗ. ಬಟ್ಟಲಿನಲ್ಲಿ ಮೆತ್ತಗೆ ಕೊಟ್ಟರೆ ಎರಡೂ ತೊಂದರೆ ಒಟ್ಟಿಗೆ ಕಳೆಯುತ್ತವೆ. ಬೀಟ್ ಮಾಡಿದ ಕೂಡಲೇ ತಿಂದರೆ ಹರಳುಗಟ್ಟಲು ಸಮಯವೂ ಇರುವುದಿಲ್ಲ. ದೊಡ್ಡ ಮಿಕ್ಸರ್‌ನಲ್ಲಿ ಇಷ್ಟು ಸಣ್ಣ ಬ್ಯಾಚ್ ಅಸಾಧ್ಯ. ಸ್ಟಾಫ್ ಕ್ವಾರ್ಟರ್ಸ್‌ನಲ್ಲಿದ್ದ ನನ್ನ ಸ್ವಂತ ಕೈಬೀಟರ್ ತರಲು ಹುಡುಗ ಓಡಿದ.

ಅವನು ಬರುವಷ್ಟರಲ್ಲಿ ಜೆಲಾಟಿನ್ ನೆನೆದಿತ್ತು, ಎರಿಥ್ರಿಟಾಲ್ ಕರಗಿತ್ತು. ಬೀಟರ್ ಹಿಡಿದ ಮೊದಲ ಐದು ನಿಮಿಷ ಬರೀ ಸೋಪಿನ ನೀರು. ಸಮಯ ಉಳಿಸಲು ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟೆ. ಇದರಲ್ಲಿ ಅಪಾಯವಿದೆ, ಅಂಚು ಬೇಗ ತಣ್ಣಗಾದರೆ ಅಲ್ಲಿ ಜೆಲ್ಲಿ ಕಟ್ಟಿ ನಡುವೆ ನೀರೇ ಉಳಿಯುತ್ತದೆ. ಹುಡುಗ ಸ್ಪ್ಯಾಟುಲಾದಿಂದ ಅಂಚು ಕೆರೆಯುತ್ತ ನಿಂತ. ಪಾಸ್‌ನಲ್ಲಿ (ತಟ್ಟೆಗಳು ಹೊರಗೆ ಹೋಗುವ ಕಟ್ಟೆ) ಕೆಒಟಿ, ಅಂದರೆ ಆರ್ಡರ್ ಚೀಟಿ, ಕೂಗುತ್ತಿದ್ದರು, ಹೊರಗೆ ಕಟ್ಟಿಗೆ ಜೋಡಿಸುವ ಸದ್ದು. ಎಂಟು ನಿಮಿಷಕ್ಕೆ ಬಿಳುಪು ಬಂತು, ಆದರೆ ದಪ್ಪ ಬರಲಿಲ್ಲ. ಐಸ್‌ನಿಂದ ಪಾತ್ರೆ ತೆಗೆದೆ, ಮತ್ತೆ ಇಟ್ಟೆ, ಮತ್ತೆ ತೆಗೆದೆ. ಆ ಹೊತ್ತಿನಲ್ಲಿ ಹುಡುಗನೂ ನಾನೂ ಒಂದು ಮಾತೂ ಆಡಲಿಲ್ಲ. ಆಮೇಲೆ ಬೀಟರ್‌ನ ಸದ್ದು ಇದ್ದಕ್ಕಿದ್ದಂತೆ ಭಾರವಾಯಿತು. ಎತ್ತಿ ನೋಡಿದರೆ ರಿಬ್ಬನ್, ಬಿದ್ದ ಗೆರೆ ಅಳಿಸದೆ ನಿಂತಿತ್ತು.

ಮೇನ್ ಕಿಚನ್‌ನಲ್ಲಿ ಕಾಯಿ ತುರಿದ ಗರಟೆಗಳಿಗೆ ಯಾವತ್ತೂ ಬರವಿಲ್ಲ. ದುಂಡಗಿನವನ್ನು ಆರಿಸಿ ಬಿಸಿನೀರಲ್ಲಿ ಕುದಿಸಿ ಒರೆಸಿ, ನೊರೆ ತುಂಬಿ, ಇಪ್ಪತ್ತು ನಿಮಿಷ ವಾಕ್-ಇನ್ ಶೀತಲ ಕೋಣೆಯಲ್ಲಿಟ್ಟೆವು. ಮೇಲೆ ಹುರಿದ ಕೊಬ್ಬರಿ ಉದುರಿಸಿ, ಕೊಡುವ ಮುಂಚೆ ಗ್ಯಾಸ್ ಟಾರ್ಚಿನ ಉರಿ ಒಂದು ಸಲ ದೂರದಿಂದ ಸವರಿದರೆ ಕೊಬ್ಬರಿ ಕೆಂಪಾಗಿ ಸುಟ್ಟ ಪರಿಮಳ ಬರುತ್ತದೆ, ನೊರೆ ಮೇಲೆ ಮಾತ್ರ ಸ್ವಲ್ಪ ಸಡಿಲವಾಗುತ್ತದೆ. ಜೊತೆಗೆ ಒಂದು ಚೀಟಿ ಬರೆದೆ: ಯಾವ ಸಿಹಿ, ಗರಟೆಗೆ ಎಷ್ಟು ಗ್ರಾಂ, ಕೊಬ್ಬರಿ ಎಷ್ಟು. ಎರಿಥ್ರಿಟಾಲ್ ಪ್ರಮಾಣ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿದೆ. ಅದು ಸಂಬಂಧ ತೋರಿಸಿತೇ ಹೊರತು ಅದೇ ಕಾರಣ ಎಂದು ಸಾಬೀತು ಮಾಡಲಿಲ್ಲ. ಆದರೂ ವಯಸ್ಸಾದ ಮಧುಮೇಹಿಗಳಿಗೆ ಏನೆಂದು ಹೇಳದೆ ಕೊಡಬಾರದು. ಏನು ಎಂದು ತಿಳಿದರೆ ತಿನ್ನುವುದೋ ಬಿಡುವುದೋ ಅವರೂ ಅವರ ವೈದ್ಯರೂ ನಿರ್ಧರಿಸಿಕೊಳ್ಳುತ್ತಾರೆ.

ಅಜ್ಜನವರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಫೋನಿನಲ್ಲಿ ಬರೆದುಕೊಂಡು, ಆಮೇಲೆ ಚಮಚ ಎತ್ತಿದರು. ಮಕ್ಕಳು ತಮ್ಮ ಕಡ್ಡಿಗಳನ್ನು ಬದಿಗಿಟ್ಟು ತಮಗೂ ಗರಟೆಯೇ ಬೇಕೆಂದು ಕೂತರು. ಮಾಲ್ಟಿಟಾಲ್ ಟ್ರೇ ಸ್ಟಾಫ್ ಊಟದ ಕೋಣೆಗೆ ಹೋಯಿತು, ಎರಡಕ್ಕಿಂತ ಹೆಚ್ಚು ಬೇಡ ಎಂಬ ನನ್ನ ಚೀಟಿಯೊಂದಿಗೆ.

ಕಮಿ ಹುಡುಗನನ್ನು ಯಾರೂ ಬೈಯಬಾರದೆಂದು ಮರುದಿನದ ಬ್ರೀಫಿಂಗ್‌ನಲ್ಲಿ ಹೇಳಿದೆ. ಅವನು ಕೇಳಿದ್ದೂ ಕೊಟ್ಟವರು ಕೊಟ್ಟದ್ದೂ ನಾವೇ ಬರೆದಿಟ್ಟ ಹೆಸರನ್ನು. ಸೇಲ್ಸ್‌ನವರ ಫಾರ್ಮ್‌ನಲ್ಲಿ ಪಥ್ಯಕ್ಕೆ ಈಗಲೂ ಒಂದೇ ಗೆರೆ ಇದೆ. ಅತಿಥಿಯ ಮನೆಯವರಿಗೆ ಫೋನ್ ಮಾಡುವುದು ಬೇಕರಿಯವರ ಕೆಲಸವಲ್ಲ ಎಂಬ ಮಾತು ಕೂಡ ಬಂತು. ನಾನು ಮಾಡುತ್ತೇನೆ, ಮಾಡುವುದನ್ನು ನಿಲ್ಲಿಸುವುದಿಲ್ಲ. ಬೇಕರಿಯ ಇಂಡೆಂಟ್‌ನಲ್ಲಿ ಈಗ ಎರಿಥ್ರಿಟಾಲ್ ಎಂದೇ ಬರೆಯುತ್ತೇವೆ, ಪೊಟ್ಟಣದ ಹಿಂಬದಿ ನೋಡದೆ ಸರಕು ಬಂದ ರಸೀದಿಗೆ (ಜಿಆರ್‌ಎನ್) ಸಹಿ ಹಾಕುವುದಿಲ್ಲ. ಸಣ್ಣ ಮಿಕ್ಸರ್‌ನ ಕೊಟೇಶನ್ ಅಕೌಂಟ್ಸ್‌ನಲ್ಲಿ ಕೂತಿದೆ, ಈ ತಿಂಗಳೂ ಕೇಳಲಿದ್ದೇನೆ.